ಮಲೆನಾಡಿನ ಕಣ್ಣು, ಸಂಡೂರಿನ ಗುಡ್ಡ

ಕನ್ನಡದಲ್ಲಿ ಪರಿಸರ ಸಾಹಿತ್ಯ ಎಂದೊಡನೆ ಓದುಗರ ಮನಸ್ಸಿನಲ್ಲಿ ಮಳೆ ಸುರಿಯತೊಡಗುತ್ತದೆ. ಜಿಗಣೆ, ಹಾವಸೆ, ಏಲಕ್ಕಿ ಮಲೆ, ಅಡಿಕೆ ತೋಟ, ಕಾಜಾಣದ ಕೂಗು ಒಂದರ ಹಿಂದೊಂದು ಬರುತ್ತವೆ. ಶಿವರಾಮ ಕಾರಂತ, ಕುವೆಂಪು, ಬಿ.ಜಿ.ಎಲ್. ಸ್ವಾಮಿ, ಪೂರ್ಣಚಂದ್ರ ತೇಜಸ್ವಿ ಕಟ್ಟಿಕೊಟ್ಟ ಈ ಲೋಕ ನಮ್ಮ ಭಾಷೆಯ ದೊಡ್ಡ ಆಸ್ತಿ. ನಿಸರ್ಗದಲ್ಲಿ ಯಾವುದೂ ಒಂಟಿಯಲ್ಲ ಎಂಬುದನ್ನು ಕನ್ನಡಿಗರು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಇವರಿಂದ. ಆದರೆ ಇದೇ ಕಲಿಕೆಯನ್ನು ನಂಬಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಗಣಿ ಬೆಟ್ಟ ದೋಣಿಮಲೈಗೆ ಬಂದರೆ ಅದು ತಡವರಿಸುತ್ತದೆ. ಮಲೆನಾಡಿನಲ್ಲಿ ಇರುವೆಯ ಜಾಡನ್ನೂ ಬಿಡದ ಕಣ್ಣು ಬಳ್ಳಾರಿಯ ಇಡೀ ಬೆಟ್ಟಸಾಲನ್ನು ಕಾಣದೆ ಹೋದದ್ದು ಹೇಗೆ? ಈ ಪರಂಪರೆಯನ್ನು ಪ್ರೀತಿಸುವವರೇ ಕೇಳಬೇಕಾದ ಪ್ರಶ್ನೆ ಇದು.

ಮೊದಲು ಅದರ ಸಾಧನೆಯನ್ನು ನೆನೆಯೋಣ. 1943ರ ‘ಬೆಟ್ಟದ ಜೀವ’ದಲ್ಲಿ ಕಾರಂತರು ಕಾಡು ಮತ್ತು ಕೃಷಿಕನ ನಡುವಿನ ಸಂಬಂಧವನ್ನು ಆರಾಧನೆಯಾಗಿಯೂ ನೋಡಲಿಲ್ಲ, ಬರೀ ಹೋರಾಟವಾಗಿಯೂ ನೋಡಲಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಕುವೆಂಪು ಒಡೆಯರು, ಆಳುಗಳು, ನಾಯಿ, ಮಳೆ, ಮರ ಎಲ್ಲವನ್ನೂ ಒಂದೇ ಹಂದರಕ್ಕೆ ಹಬ್ಬಿಸಿದರು. 1980ರ ‘ಕರ್ವಾಲೊ’ದಲ್ಲಿ ತೇಜಸ್ವಿ ಇನ್ನೂ ಮುಂದೆ ಹೋದರು. ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿಗೆ ಜೇನು ಹಿಡಿಯುವ ಮಂದಣ್ಣನ ಅರಿವು ಬೇಕೇಬೇಕು ಎಂದು ತೋರಿಸಿ, ಜ್ಞಾನವೂ ಹೆಣೆದುಕೊಂಡೇ ಬೆಳೆಯುತ್ತದೆ ಎಂದು ಮನಗಾಣಿಸಿದರು. ಈ ದೃಷ್ಟಿ ಪುಸ್ತಕದಲ್ಲೇ ಉಳಿಯಲಿಲ್ಲ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು. ಜನರ ಹೋರಾಟ ಮತ್ತು ಸುಪ್ರೀಂ ಕೋರ್ಟಿನ ಆದೇಶದ ಫಲವಾಗಿ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು.

ಈಗ ಸಂಡೂರಿನತ್ತ ತಿರುಗೋಣ. ಇಲ್ಲಿನ ಬೆಟ್ಟಗಳ ಕಬ್ಬಿಣದ ಶಿಲೆಗೆ ಸುಮಾರು 270 ಕೋಟಿ ವರ್ಷಗಳ ವಯಸ್ಸು. ಪ್ರಾಚೀನ ಕಡಲಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಪಟ್ಟೆಪಟ್ಟೆಯಾಗಿ ಹೆಪ್ಪುಗಟ್ಟಿದ್ದರಲ್ಲಿ ಸೂಕ್ಷ್ಮಜೀವಿಗಳ ಪಾಲೂ ಇತ್ತು ಎನ್ನುತ್ತದೆ ಭೂವಿಜ್ಞಾನ. ಲಾರಿಯಲ್ಲಿ ಹೋಗುವ ಅದಿರು ಹೀಗೆ ಒಂದು ಕಾಲದ ಬದುಕಿನ ಗುರುತೂ ಹೌದು. ಬೆಟ್ಟದ ನೆತ್ತಿಯ ಅದಿರು ಪದರವೂ ಜಂಬಿಟ್ಟಿಗೆಯೂ ರಂಧ್ರಮಯವಾದವು. ಬಿದ್ದ ಮಳೆಯನ್ನು ಹೀರಿ ನಿಧಾನವಾಗಿ ಬಿಡುತ್ತವೆ. ಕಣಿವೆಯ ನೀರು ನಾರಿಹಳ್ಳಕ್ಕೆ ಸೇರುತ್ತದೆ. ಆ ಹಳ್ಳ ಬೆಟ್ಟಸಾಲಿನ ಓಬಳಗಂಡಿಯಲ್ಲಿ ಕಣಿವೆಯ ಒಳಬಂದು ಭೀಮಗಂಡಿಯಲ್ಲಿ ಹೊರಹೋಗುತ್ತದೆ, ತಾರಾನಗರದ ಬಳಿ ಜಲಾಶಯವಾಗುತ್ತದೆ, ಮುಂದೆ ದರೋಜಿ ಕೆರೆಗೆ ನೀರುಣಿಸುತ್ತದೆ. ಆ ಕೆರೆಯ ಆಸುಪಾಸಿನ ಬಂಡೆಗುಡ್ಡಗಳಲ್ಲೇ 1994ರಲ್ಲಿ ಕರಡಿಧಾಮವಾಯಿತು. ಕರಡಿ ಕಾರೆ, ಬಾರೆ, ಕವಳೆ ಹಣ್ಣು ತಿಂದು ಬೀಜ ಹರಡುತ್ತದೆ, ಗೆದ್ದಲ ಹುತ್ತ ಕೆದಕುತ್ತದೆ. ಮೇಲಿನ ಗುಡ್ಡದ ನೆತ್ತಿ ಕಳಚಿದರೆ ಹಳ್ಳಕ್ಕೆ ಹೂಳು, ಹಳ್ಳಕ್ಕೆ ಹೂಳಾದರೆ ಕೆರೆಗೆ ಕುತ್ತು, ಕೆರೆ ಬತ್ತಿದರೆ ಗದ್ದೆಗೂ ಕರಡಿಗೂ ಒಟ್ಟಿಗೇ ಸಂಕಟ. ಬಯಲುಸೀಮೆಯ ಈ ಹೆಣಿಗೆ ಮಲೆನಾಡಿನದಕ್ಕಿಂತ ಸಡಿಲವಾದುದಲ್ಲ. ಮಳೆ ಕಡಿಮೆಯಾದ ಕಡೆ ಒಂದೊಂದು ಎಳೆಯ ಮೇಲೆ ಬೀಳುವ ಭಾರ ಹೆಚ್ಚು, ಅಷ್ಟೇ.

ಹಾಗಿದ್ದೂ ನಮ್ಮ ಪರಿಸರ ಸಾಹಿತ್ಯಕ್ಕೆ ಇದು ಕಾಣದೆ ಹೋದುದಕ್ಕೆ ಮೂರು ಕಾರಣಗಳು ನನಗೆ ತೋರುತ್ತವೆ. ಮೊದಲನೆಯದು ಹಸಿರಿನ ಮೋಹ. ಸದಾ ಹಸಿರಾಗಿರುವುದೇ ಜೀವಂತಿಕೆಯ ಅಳತೆಗೋಲಾದಾಗ, ತಿಂಗಳುಗಟ್ಟಲೆ ಬೂದುಬಣ್ಣದಲ್ಲಿದ್ದು ಮುಂಗಾರಿಗೆ ಚಿಗುರುವ ದಿಂಡಿಗ, ಕಮರ, ತುಗ್ಗಲಿಯ ಕಾಡು ಸತ್ತಂತೆ ಕಾಣುತ್ತದೆ. ಸತ್ತಂತೆ ಕಂಡದ್ದನ್ನು ಅಗೆಯಲು ಯಾರ ಮನಸ್ಸೂ ಅಳುಕುವುದಿಲ್ಲ. ಎರಡನೆಯದು ನಿರೂಪಕ ನಿಂತ ಜಾಗ. ಮಲೆನಾಡಿನ ಕಥೆ ಹೇಳುವವನು ಹೆಚ್ಚಾಗಿ ತೋಟದ ಒಡೆಯ. ಕಾಡು ಅವನ ಬೇಲಿಯಾಚೆಗೇ ಇದೆ, ನೋಡಲು ಬಿಡುವೂ ಇದೆ. ಸಂಡೂರಿನ ಗುಡ್ಡವನ್ನು ಬಲ್ಲವರು ಕುರಿ ಮೇಯಿಸುವವರು, ಅದಿರು ಒಡೆದ ಕೂಲಿಗಳು, ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು. ಇವರ ಅರಿವು ಕನ್ನಡ ಗದ್ಯದ ಅಂಗಳಕ್ಕೆ ಬರಲೇ ಇಲ್ಲ. ಮೂರನೆಯದು ಕಲ್ಲನ್ನು ಜಡವೆಂದು ಬಿಟ್ಟದ್ದು. ಗಿಡ, ಪ್ರಾಣಿ, ಹಕ್ಕಿಯವರೆಗೆ ಚಾಚಿದ ನಮ್ಮ ಸಂಬಂಧಗಳ ಪಟ್ಟಿ ಶಿಲೆಯ ಬುಡದಲ್ಲಿ ನಿಂತುಬಿಟ್ಟಿತು.

ಅಪವಾದಗಳಿವೆ, ಅವನ್ನು ಮರೆಯಬಾರದು. ಸಂಡೂರಿನಲ್ಲೇ ಹುಟ್ಟಿದ ವಸುಧೇಂದ್ರ ‘ಕೆಂಪು ಗಿಣಿ’ ಕಥೆಯಲ್ಲಿ ಗಣಿಯ ಧೂಳನ್ನು ಮನೆ, ಹೊಲ, ಹಕ್ಕಿಯ ರೆಕ್ಕೆಯವರೆಗೆ ಹಿಂಬಾಲಿಸಿದರು. ಕುಂ. ವೀರಭದ್ರಪ್ಪನವರ ಗದ್ಯದಲ್ಲಿ ಬಯಲುಸೀಮೆಯ ಬಿಸಿಲು, ಹಸಿವು, ದರ್ಪ ಮೈದಳೆದಿವೆ. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ಮಂತ್ರಿಯಾಗಿಯೂ ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದವರು. ಆದರೆ ಅವರ ವನ್ಯಜೀವಿ ದಿನಚರಿ ಬಂದದ್ದು ಇಂಗ್ಲಿಷಿನಲ್ಲಿ. ಅವರ ಕುಟುಂಬದ ಕಂಪನಿ 1954ರಿಂದ ಇದೇ ಗುಡ್ಡಗಳ ಮ್ಯಾಂಗನೀಸ್ ಮತ್ತು ಕಬ್ಬಿಣದ ಉದ್ಯಮದಲ್ಲಿದೆ. ಪ್ರಾಣಿಯನ್ನು ಪ್ರೀತಿಸುವ ಕಣ್ಣು ಮತ್ತು ಅದಿರು ತೆಗೆಯುವ ಕೈ ಒಂದೇ ಮನೆಯಲ್ಲಿದ್ದ ಈ ಸಂಕೀರ್ಣತೆ ಒಂದು ದೊಡ್ಡ ಕಾದಂಬರಿಗೆ ವಸ್ತುವಾಗಬಲ್ಲದು. ಬಿಡಿ ಕಥೆ, ಬಿಡಿ ಲೇಖನಗಳು ಇವೆ. ಒಂದರ ಮೇಲೊಂದು ನಿಂತು ಬೆಳೆಯುವ ಪರಂಪರೆ ಇಲ್ಲಿ ಆಗಲಿಲ್ಲ.

ಈ ತೆರವಿಗೆ ಬಂದು ಕೂತದ್ದು ವರದಿಗಳು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಹೊಸಪೇಟೆ, ಸಂಡೂರಿನ ರಸ್ತೆಗಳು ಲಾರಿಗಳ ಸಾಲಾದವು, ಪಟ್ಟಾ ಹೊಲಗಳೂ ಹಳ್ಳವಾದವು. ಅಕ್ರಮ ಗಣಿಗಾರಿಕೆಯ ಬಗ್ಗೆ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು ಬಂದವು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆ ಸಮುದಾಯದ ಎಸ್.ಆರ್. ಹಿರೇಮಠರಂಥವರ ಛಲ ಇಲ್ಲದಿದ್ದರೆ ಇಂದು ಮಾತಾಡಲು ಎಷ್ಟು ಗುಡ್ಡ ಉಳಿದಿರುತ್ತಿತ್ತೋ. ಆ ಋಣವನ್ನು ಒಪ್ಪಿಕೊಂಡೇ ಈ ವರದಿ ಪರಂಪರೆಯ ಮಿತಿಯನ್ನೂ ಹೇಳಬೇಕು. 2013ರ ತೀರ್ಪಿನಲ್ಲಿ ಗಣಿಗಳು ಎ, ಬಿ, ಸಿ ಎಂದು ವಿಂಗಡಣೆಯಾದದ್ದು ಮುಖ್ಯವಾಗಿ ಗುತ್ತಿಗೆಯ ಗಡಿಯಾಚೆ ಎಷ್ಟು ಒತ್ತುವರಿಯಾಗಿದೆ ಎಂಬ ಲೆಕ್ಕದ ಮೇಲೆ. ಯಾವ ಊಟೆ ಬತ್ತಿತು, ಯಾವ ಹಳ್ಳ ದಿಕ್ಕು ಬದಲಿಸಿತು ಎಂಬುದು ಆ ಲೆಕ್ಕದ ಆಧಾರವಾಗಿರಲಿಲ್ಲ. ಪುನಶ್ಚೇತನ ಯೋಜನೆ, ತಡೆಗೋಡೆ, ವಾರ್ಷಿಕ ಉತ್ಪಾದನೆಗೆ ಮಿತಿ ಬಂದವು ನಿಜ. ಬಳ್ಳಾರಿಗೆ 250 ಲಕ್ಷ ಟನ್ ಇದ್ದ ಆ ಮಿತಿಯೂ 2022ರ ಹೊತ್ತಿಗೆ 350 ಲಕ್ಷ ಟನ್ನಿಗೆ ಏರಿತು.

ಜನರ ಬಾಯಲ್ಲಿ, ಪತ್ರಿಕೆಗಳಲ್ಲಿ, 2010ರ ‘ಪೃಥ್ವಿ’ಯಂಥ ಸಿನಿಮಾದಲ್ಲಿ ಬಳ್ಳಾರಿ ಎಂದರೆ ಗಣಿ ಹಗರಣ. ಕಳ್ಳರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಕಥೆ ಮುಗಿಯಿತು. ದೋಣಿಮಲೈ ನಮ್ಮನ್ನು ಪರೀಕ್ಷಿಸುವುದು ಇಲ್ಲೇ. ಸಾರ್ವಜನಿಕ ವಲಯದ ಎನ್‌ಎಂಡಿಸಿ 1977ರಲ್ಲಿ ಆರಂಭಿಸಿದ ಗಣಿ ಇದು. ವಸತಿ ಬಡಾವಣೆಯಿದೆ, ತಲೆಮಾರುಗಳ ನೌಕರಿಯಿದೆ. 2011ರ ನಿಷೇಧದ ಬೆನ್ನಿಗೇ ತಿಂಗಳಿಗೆ 10 ಲಕ್ಷ ಟನ್ ಅದಿರು ಪೂರೈಸಲು ನ್ಯಾಯಾಲಯ ಅನುಮತಿ ಕೊಟ್ಟದ್ದು ಇದೇ ಸಂಸ್ಥೆಗೆ. ಹಗರಣದ ಕಥೆಯಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಮಳೆನೀರು ಪರವಾನಗಿ ನೋಡಿ ಹರಿಯುವುದಿಲ್ಲ. ಕಾನೂನಿಗೆ ಸರಿಯಾಗಿ ತೆಗೆದ ಬೆಟ್ಟವೂ ಇಲ್ಲವಾದ ಬೆಟ್ಟವೇ. ಕಳ್ಳತನವನ್ನು ಖಂಡಿಸಲು ಕಲಿತ ನಾವು ನ್ಯಾಯಬದ್ಧ ನಷ್ಟವನ್ನು ಎದುರಿಸುವ ಮಾತನ್ನು ಇನ್ನೂ ಕಲಿತಿಲ್ಲ. ಅದನ್ನು ಕಲಿಸಬೇಕಾದದ್ದು ಸಾಹಿತ್ಯ.

ಮಲೆನಾಡನ್ನೂ ಸಂಡೂರನ್ನೂ ಬಿಡಿಸಿ ನೋಡುವ ಅಭ್ಯಾಸ ಎಷ್ಟು ದುಬಾರಿ ಎಂಬುದಕ್ಕೆ ದೇವದಾರಿ ಬೆಟ್ಟವೇ ಸಾಕ್ಷಿ. ಕುದುರೆಮುಖದಲ್ಲಿ ಗಣಿ ನಿಂತಾಗ ನಾವು ಸಂಭ್ರಮಿಸಿದೆವು, ಸಂಭ್ರಮಕ್ಕೆ ಕಾರಣವೂ ಇತ್ತು. ಆದರೆ ಅಲ್ಲಿ ಗಣಿ ನಡೆಸಿದ್ದ ಕೆಐಒಸಿಎಲ್ ಕಂಪನಿಯ ಅದಿರಿನ ಹಸಿವು ನಿಂತಿರಲಿಲ್ಲ. ಅದೇ ಕೆಐಒಸಿಎಲ್ ಈಗ ಸಂಡೂರಿನ ದೇವದಾರಿಯಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯ ಕೇಳಿದೆ. 2024ರಲ್ಲಿ ಆ ಭೂಮಿಯ ಹಸ್ತಾಂತರ ರಾಜ್ಯ ಮತ್ತು ಕೇಂದ್ರದ ನಡುವೆ ವಿವಾದವಾಯಿತು. ಮಲೆನಾಡಿನ ಒಂದು ಬೆಟ್ಟ ಉಳಿದಾಗ ಅದರ ಭಾರ ಯಾರ ಹೆಗಲಿಗೆ ಬಿತ್ತು ಎಂದು ಪರಿಸರ ಚಿಂತನೆ ಅಂದೇ ಕೇಳಿದ್ದರೆ ಸಂಡೂರಿನ ಹೋರಾಟಗಾರರು ಇಂದು ಇಷ್ಟು ಒಂಟಿಯಾಗಿರುತ್ತಿರಲಿಲ್ಲ. ಕುಮಾರಪರ್ವತದ ಸೀಮೆಯಲ್ಲಿ ನಡೆಯುವ ‘ಬೆಟ್ಟದ ಜೀವ’ ಕನ್ನಡಿಗರ ಮನೆಮಾತು. ಆ ಪರ್ವತಕ್ಕೆ ಹೆಸರು ಕೊಟ್ಟ ಕುಮಾರಸ್ವಾಮಿಯೇ ಚಾಲುಕ್ಯ–ರಾಷ್ಟ್ರಕೂಟ ಕಾಲದ ಗುಡಿಯಲ್ಲಿ ನೆಲೆಸಿರುವ ಸಂಡೂರಿನ ಬೆಟ್ಟಕ್ಕೆ ಸುತ್ತಲೂ ಗಣಿ ಗುತ್ತಿಗೆಗಳಿವೆ, ಅಂಥ ಒಂದು ಕೃತಿಯಿಲ್ಲ.

ಇನ್ನೊಂದು ಮಾತು, ಎಲ್ಲಕ್ಕಿಂತ ಕಠಿಣವಾದದ್ದು. 2011ರಲ್ಲಿ ಗಣಿ ನಿಂತಾಗ ಕೂಲಿಗಳು, ಚಾಲಕರು, ಸಣ್ಣ ಹೋಟೆಲಿನವರು ಕೆಲಸ ಕಳೆದುಕೊಂಡರು. ಸಾಲದ ಮೇಲೆ ಕೊಂಡ ಲಾರಿಗಳು ಮನೆಯ ಮುಂದೆ ನಿಂತವು. ನಿಸರ್ಗದ ಹೆಣಿಗೆಯ ಬಗ್ಗೆ ಮಾತಾಡುವವರು ಈ ಎಳೆಯನ್ನು ಕತ್ತರಿಸಿ ಬದಿಗಿಟ್ಟರೆ ಅದು ಅರ್ಧಸತ್ಯ. ಕುವೆಂಪು ಕಾದಂಬರಿಯಲ್ಲಿ ಗುತ್ತಿ ಮತ್ತು ಅವನ ನಾಯಿ ಹುಲಿಯನಿಗೆ ಸಿಕ್ಕ ಗೌರವ ಸಂಡೂರಿನ ಅದಿರು ಕೂಲಿಗೂ ಸಿಗಬೇಕು. ಆಗ ಮಾತ್ರ ಬೆಟ್ಟ ಉಳಿಸಿ ಎಂಬ ಕೂಗು ಅವರ ಹಟ್ಟಿಯೊಳಗೂ ಕೇಳುವ ಮಾತಾಗುತ್ತದೆ.

ಇದಕ್ಕೆಲ್ಲ ಪರಂಪರೆಯನ್ನು ಬಿಸಾಡಬೇಕಿಲ್ಲ; ಅದರ ಪಾಠವನ್ನೇ ಇತ್ತ ತರಬೇಕು. ಕರ್ವಾಲೊ ಮಂದಣ್ಣನ ಜೊತೆ ಕಾಡು ಹೊಕ್ಕಂತೆ ನಮ್ಮ ಭೂವಿಜ್ಞಾನಿಗಳು, ಬರಹಗಾರರು ಕುರಿಗಾಹಿಯ ಜೊತೆ ಈ ಗುಡ್ಡ ಏರಬೇಕು. ಕುರುಚಲು ಕಾಡಿನ ಗಿಡ, ಹಕ್ಕಿ, ಊಟೆಗಳ ಬಗ್ಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿನಷ್ಟೇ ರಸವತ್ತಾದ ಕನ್ನಡ ಪುಸ್ತಕ ಬೇಕು. ನಾರಿಹಳ್ಳವನ್ನು ಗಂಡಿಯಿಂದ ಗದ್ದೆಯವರೆಗೆ ಹಿಂಬಾಲಿಸುವ ಬರಹ ಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಈ ಗುಡ್ಡಗಳು ದೂರವಿಲ್ಲ. ಕುರಿಗಾಹಿಗಳ, ಗಣಿ ಕಾರ್ಮಿಕರ ಅರಿವನ್ನು ದಾಖಲಿಸುವ ಕೆಲಸ ಅಲ್ಲಿಂದಲೇ ಶುರುವಾಗಬಹುದು. ನಮ್ಮ ಸೇತುವೆ, ಬಸ್ಸು, ಮನೆಯ ಸರಳುಗಳಲ್ಲಿ ಸಂಡೂರು ಆಗಲೇ ಇದೆ. ಅದನ್ನು ಬಳಸುವ ಕನ್ನಡ ಅದರ ಬಗ್ಗೆ ಬರೆಯುವ ಹೊಣೆಯನ್ನೂ ಹೊರಬೇಕು. ಕೋರ್ಟು ಮಿತಿ ಹಾಕಬಲ್ಲದು, ಮಿತಿ ಸಡಿಲಿಸಲೂಬಲ್ಲದು. ಒಂದು ಗುಡ್ಡವನ್ನು ಕಳೆದುಕೊಳ್ಳಲಾರೆವು ಎಂದು ಜನರಿಗೆ ಅನ್ನಿಸುವಂತೆ ಮಾಡುವುದು ಮಾತ್ರ ಭಾಷೆಯ ಕೆಲಸ.