ಪಕ್ಕವಾದ್ಯವೂ ವ್ಯಾಖ್ಯಾನವೂ: ಕಾಲೇಜು ಪ್ರಾರ್ಥನಾಲಯದ ಸಹಾಯಕ ಆರ್ಗನ್ ವಾದಕನ ಸೇವೆ

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಸಂಧ್ಯಾಪ್ರಾರ್ಥನೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಬಾಲಗಾಯಕರ ಕಂಠಶುದ್ಧಿಯನ್ನೂ ಬೀಸಣಿಗೆಯಂತೆ ಹರಡಿಕೊಂಡ ಕಲ್ಲಿನ ಚಾವಣಿಯನ್ನೂ ಹೊಗಳುತ್ತಾರೆ. ಗಾನವೃಂದದ ನಿರ್ದೇಶಕರನ್ನು ಹೆಸರಿಟ್ಟು ಸ್ಮರಿಸುತ್ತಾರೆ. ಪ್ರಾರ್ಥನೆಯ ಉದ್ದಕ್ಕೂ ಯಾರ ಕಣ್ಣಿಗೂ ಬೀಳದೆ ಆರ್ಗನ್ ನುಡಿಸುವ ಸಹಾಯಕನ ಬಗ್ಗೆ ಒಂದು ಸಾಲು ಸಿಕ್ಕರೆ ಅದೇ ಹೆಚ್ಚು. ದೈವಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆ ಸಂಜೆಯ ಅತ್ಯಂತ ಸೂಕ್ಷ್ಮವಾದ ಹೊಣೆ ಅವನದೇ ಎಂಬುದು ಈ ಲೇಖನದ ವಾದ. ಅವನು ಗಾಯನಕ್ಕೆ ಆಸರೆಯಾಗುವುದರ ಜೊತೆಗೆ ಪವಿತ್ರ ಗ್ರಂಥವನ್ನು ವ್ಯಾಖ್ಯಾನಿಸುತ್ತಾನೆ, ಅದೂ ಒಂದು ಮಾತನ್ನೂ ಆಡದೆ. ಆ ವ್ಯಾಖ್ಯಾನ ಸರಿಯೇ ಅಲ್ಲವೇ ಎಂದು ಕೇಳುವ ಪರಿಪಾಠ ಮಾತ್ರ ಬೆಳೆದಿಲ್ಲ. ಸಂಗೀತ ವಿಮರ್ಶಕರು ಅವನ ಬೆರಳುಗಳನ್ನು ನೋಡುತ್ತಾರೆ; ದೈವಶಾಸ್ತ್ರಜ್ಞರು ಅವನ ಕಡೆಗೆ ತಿರುಗುವುದೇ ಇಲ್ಲ.

ಆಂಗ್ಲಿಕನ್ ಸಂಧ್ಯಾಪ್ರಾರ್ಥನೆಯ ಮೂಲ ನಮಗೆ ಅಪರಿಚಿತವೇನಲ್ಲ. 1549ರ ಪ್ರಾರ್ಥನಾ ಗ್ರಂಥದಲ್ಲಿ ಕ್ರ್ಯಾನ್ಮರ್ ಅವರು ನಮ್ಮ ಸಂಧ್ಯಾರಾಧನೆಯನ್ನೂ ರಾತ್ರಿಯ ಕೊನೆಯ ಪ್ರಾರ್ಥನೆಯನ್ನೂ ಒಂದುಗೂಡಿಸಿದರು. ಆದ್ದರಿಂದಲೇ ಮಾತೆ ಮರಿಯಮ್ಮನವರ ಸ್ತುತಿಗೀತೆ ಮತ್ತು ವೃದ್ಧ ಸಿಮೆಯೋನನ ಗೀತೆ ಎರಡೂ ಅಲ್ಲಿ ಒಂದೇ ಸಂಜೆ ಕೇಳಿಬರುತ್ತವೆ. ಇವುಗಳಿಗೆ ಮೊದಲು ಆ ದಿನದ ಕೀರ್ತನೆಗಳು. ಕಿಂಗ್ಸ್‌ನಲ್ಲಿ ಹದಿನಾರು ಬಾಲಕರೂ ಕಾಲೇಜಿನ ವಿದ್ಯಾರ್ಥಿಗಳಾದ ಪುರುಷ ಗಾಯಕರೂ ಹಾಡುತ್ತಾರೆ. ನಿರ್ದೇಶಕರು ಗಾಯಕರ ನಡುವೆ ನಿಂತು ಕೈಸನ್ನೆಯಿಂದ ನಡೆಸುತ್ತಾರೆ. ಆರ್ಗನ್ ನುಡಿಸುವುದು ಹೆಚ್ಚಾಗಿ 'ಆರ್ಗನ್ ಸ್ಕಾಲರ್' ಎಂದು ಕರೆಯಲಾಗುವ ವಿದ್ಯಾರ್ಥಿಯ ಪಾಲಿನ ಕೆಲಸ. ಹಗಲೆಲ್ಲ ಉಪನ್ಯಾಸ, ಪ್ರಬಂಧ. ಸಂಜೆಗೆ ಈ ಹೊಣೆ. ಕ್ಯಾಥೆಡ್ರಲ್‌ಗಳಲ್ಲಿ ಇದೇ ಕೆಲಸಕ್ಕೆ ಪಳಗಿದ ವೃತ್ತಿಪರರು ಇರುತ್ತಾರೆ. ಇಲ್ಲಿ ಇಪ್ಪತ್ತರ ಆಸುಪಾಸಿನ ತರುಣ.

ಅವನು ಕುಳಿತುಕೊಳ್ಳುವ ಜಾಗವನ್ನೂ ಗಮನಿಸಬೇಕು. ಪ್ರಾರ್ಥನಾಲಯವನ್ನು ಎರಡಾಗಿ ಭಾಗಿಸುವ ಮರದ ಅಡ್ಡಗೋಡೆಯ ಮೇಲೆ ಆರ್ಗನ್ ಇದೆ. ಗಾಯಕರು ಕೆಳಗೆ. ಉದ್ದನೆಯ ಕಲ್ಲಿನ ಕಟ್ಟಡದಲ್ಲಿ ನಾದ ಬೇಗ ಅಡಗುವುದಿಲ್ಲ. ಕೇಳಿದ್ದಕ್ಕೆ ಸರಿಯಾಗಿ ನುಡಿಸಲು ಹೊರಟವನು ಹಿಂದೆ ಬಿದ್ದಂತೆಯೇ. ಆದ್ದರಿಂದ ಇಂತಹ ಕಡೆ ವಾದಕ ತನ್ನ ಕಿವಿಯನ್ನು ಪೂರ್ತಿ ನಂಬುವಂತಿಲ್ಲ; ಕನ್ನಡಿಯಲ್ಲೋ ಕ್ಯಾಮೆರಾದ ಪರದೆಯಲ್ಲೋ ಕಾಣುವ ನಿರ್ದೇಶಕರ ಕೈಯನ್ನು ನಂಬಬೇಕು. ವಿಶ್ವಾಸವು ಆಲಿಸುವುದರಿಂದ ಹುಟ್ಟುತ್ತದೆ ಎಂದು ಕಲಿಸುವ ನಮಗೆ ಇದು ತುಸು ವಿಚಿತ್ರವಾಗಿ ತೋರಬಹುದು: ಈ ಸೇವಕನು ಕಂಡು ನಂಬುವವನು. ತನ್ನ ಕಿವಿಗೆ ತಡವೆನಿಸಿದರೂ ಅವನು ಕೈಸನ್ನೆಗೆ ವಿಧೇಯನಾಗಿರಬೇಕು.

ಈ ವಿಧೇಯತೆಯ ನಡುವೆಯೇ ಅವನಿಗೆ ಒಂದು ದೊಡ್ಡ ಸ್ವಾತಂತ್ರ್ಯವಿದೆ. ಅದು ಕೀರ್ತನೆಗಳಲ್ಲಿ. ಆಂಗ್ಲಿಕನ್ ಚಾಂಟ್ ಬಹಳ ಚಿಕ್ಕ ರಚನೆ. ಸರಳ ಚಾಂಟ್‌ನಲ್ಲಿ ಹತ್ತು ಸ್ವರಗುಚ್ಛಗಳು, ಜೋಡಿ ಚಾಂಟ್‌ನಲ್ಲಿ ಇಪ್ಪತ್ತು. ಪ್ರತಿ ವಚನಕ್ಕೂ ಅದೇ ಮರುಕಳಿಸುತ್ತದೆ. ಶಾಪವಿರಲಿ, ಸ್ತೋತ್ರವಿರಲಿ, ಗಾಯಕರ ರಾಗ ಬದಲಾಗದು. ಬದಲಾಗುವುದು ಆರ್ಗನ್ನಿನ ಬಣ್ಣ. ಯಾವ ಕೊಳವೆಗಳನ್ನು ತೆರೆಯಬೇಕು, ಕೊಳವೆಗಳನ್ನು ಒಳಗೊಂಡ ಪೆಟ್ಟಿಗೆಯ ಬಾಗಿಲನ್ನು ಎಷ್ಟು ಸರಿಸಬೇಕು, ಯಾವ ವಚನದಲ್ಲಿ ಕಾಲುಮಣೆಯ ಮಂದ್ರವನ್ನು ನಿಲ್ಲಿಸಬೇಕು, ಯಾವ ವಚನದಲ್ಲಿ ಕೈಯನ್ನೇ ಎತ್ತಿ ಧ್ವನಿಗಳನ್ನು ಒಂಟಿಯಾಗಿ ಬಿಡಬೇಕು: ಇವೆಲ್ಲ ಬಹುಮಟ್ಟಿಗೆ ಅವನ ವಿವೇಚನೆಗೆ ಸೇರಿದವು. ನಮ್ಮ ಕರ್ನಾಟಕ ಸಂಗೀತದ ಪಿಟೀಲು ವಾದಕರು ಗಾಯಕರ ಸಂಗತಿಗಳನ್ನು ಅನುಸರಿಸುತ್ತಾರೆ. ಇಲ್ಲಿ ಅನುಸರಿಸಲು ಗಾಯಕರ ಸಂಗತಿ ಎಂಬುದೇ ಇಲ್ಲ. ಪಕ್ಕವಾದ್ಯ ಅನುಸರಿಸುವುದು ಪಠ್ಯವನ್ನು. ಪಠ್ಯವನ್ನು ಅನುಸರಿಸುವವನು ಅದನ್ನು ಮೊದಲು ಅರ್ಥಮಾಡಿಕೊಂಡಿರಬೇಕು. ವ್ಯಾಖ್ಯಾನದ ಪ್ರಶ್ನೆ ಏಳುವುದು ಇಲ್ಲಿ.

ಪ್ರಾರ್ಥನಾ ಗ್ರಂಥದ ಪಟ್ಟಿಯಂತೆ ತಿಂಗಳ 15ನೆಯ ಸಂಜೆಗೆ ಬರುವುದು 78ನೆಯ ಕೀರ್ತನೆ ಒಂದೇ. ಅವರ ಎಣಿಕೆಯಲ್ಲಿ 73 ವಚನಗಳು, ನಮ್ಮ ಬೈಬಲ್ಲಿನಲ್ಲಿ 72. ಇಂದು ಅದನ್ನು ಮೊಟಕುಗೊಳಿಸುವ ಕಡೆಗಳೂ ಇವೆ. ಪೂರ್ತಿ ಹಾಡಿದಾಗ ಅದು ಸಹಾಯಕ ವಾದಕನ ಹಬ್ಬ. ಸೀಳಿದ ಸಮುದ್ರ, ಬಂಡೆಯಿಂದ ಉಕ್ಕಿದ ನೀರು, ಕಪ್ಪೆಗಳು, ಮಿಡತೆಗಳು, ಆಲಿಕಲ್ಲು, ಕೊನೆಗೆ ದ್ರಾಕ್ಷಾರಸದಿಂದ ಹುರುಪುಗೊಂಡ ವೀರನಂತೆ ನಿದ್ರೆಯಿಂದ ಎದ್ದುಬರುವ ಪ್ರಭು. ಆಲಿಕಲ್ಲಿಗೆ ಮೇಲಿನ ಸಣ್ಣ ಕೊಳವೆಗಳ ಚಿಟಪಟ, ವೀರನ ಎಚ್ಚರಕ್ಕೆ 32 ಅಡಿಯ ಕೊಳವೆಯ ಗುಡುಗು. ಕೇಳಲು ರೋಮಾಂಚನವಾಗುತ್ತದೆ, ನಿಜ. ಗಾಯಕರು ಪರಸ್ಪರ ನೋಡಿ ನಗುವುದನ್ನು ತಡೆದುಕೊಳ್ಳುವಂತಹ ಕ್ಷಣಗಳೂ ಇಲ್ಲಿ ಇರಲು ಸಾಧ್ಯ.

ಆದರೆ ಆ ಕೀರ್ತನೆಯ ತಿರುಳು ಇಸ್ರಯೇಲಿನ ಮರೆವು ಮತ್ತು ದೇವರ ತಾಳ್ಮೆ. ಕಪ್ಪೆ, ಆಲಿಕಲ್ಲುಗಳು ಆ ಕಥೆಯ ಪರಿಕರಗಳು. ಕೀರ್ತನೆಯ ಮಧ್ಯದಲ್ಲಿ, 38 ಮತ್ತು 39ನೆಯ ವಚನಗಳ ಸುತ್ತ, ದೇವರು ಕರುಣಾಳುವಾದ್ದರಿಂದ ಜನರನ್ನು ನಾಶಮಾಡಲಿಲ್ಲ, ಅವರು ಬರಿಯ ನರಮಾಂಸದವರು ಎಂಬುದನ್ನು ನೆನಪಿಟ್ಟುಕೊಂಡರು ಎಂಬ ತಿರುವು ಬರುತ್ತದೆ. ಜನರು ಮರೆತರು, ದೇವರು ನೆನೆದರು: ಇಡೀ ಕೀರ್ತನೆ ನಿಂತಿರುವುದು ಈ ಕೀಲಿನ ಮೇಲೆ. ಅಲ್ಲಿ ಚಿತ್ರಿಸಲು ಪ್ರಾಣಿಯಿಲ್ಲ, ಗುಡುಗಿಲ್ಲ. ಹಾಗಾಗಿ ಪದಕ್ಕೊಂದು ಬಣ್ಣ ಬಳಿಯುವ ವಾದಕನ ಕೈಯಲ್ಲಿ ಆ ವಚನಗಳು ಎರಡು ಬಿರುಗಾಳಿಗಳ ನಡುವಿನ ವಿರಾಮವಾಗಿ ಕಳೆದುಹೋಗುತ್ತವೆ. ಇದನ್ನು ಅಭಿರುಚಿಯ ಕೊರತೆ ಎಂದಷ್ಟೇ ಹೇಳಿ ಬಿಡಲಾಗದು. ಇದು ಪವಿತ್ರ ಗ್ರಂಥದ ತಪ್ಪು ಓದು. ಪ್ರಬೋಧನೆಯಲ್ಲಿ ಇದನ್ನೇ ಮಾಡುವ ಗುರುವಿದ್ಯಾರ್ಥಿಯನ್ನು ನಾವು ತರಗತಿಯಲ್ಲಿ ತಿದ್ದುತ್ತೇವೆ: ಉಪಮೆಯ ಹಂದಿಗಳನ್ನು ವರ್ಣಿಸುತ್ತ ತಂದೆಯನ್ನು ಮರೆಯಬೇಡ ಎನ್ನುತ್ತೇವೆ.

20ನೆಯ ಸಂಜೆಯ 104ನೆಯ ಕೀರ್ತನೆಯ ಮಾತು ಬೇರೆ. ಅಲ್ಲಿ ಗುಡುಗು, ಸಿಂಹದ ಮರಿ, ಸಮುದ್ರದಲ್ಲಿ ಆಡುವ ಲೆವಿಯಾತಾನ್ ಎಲ್ಲವೂ ಸೃಷ್ಟಿಯ ಸ್ತುತಿಯ ಒಳಗೇ ಸೇರಿವೆ. ಬಣ್ಣಗಳ ಸಮೃದ್ಧಿಯೇ ಅದರ ಅರ್ಥ. ಅದನ್ನು ಒಂದೇ ಬೂದು ಬಣ್ಣದಲ್ಲಿ ನುಡಿಸುವುದು ವಿರಕ್ತಿ ಎನಿಸಿಕೊಳ್ಳಬಹುದು, ನಿಷ್ಠೆ ಎನಿಸಿಕೊಳ್ಳದು. ವರ್ಣನೆ ಬೇಕೋ ಬೇಡವೋ ಎಂಬುದಕ್ಕೆ ಸಾರ್ವತ್ರಿಕ ನಿಯಮವಿಲ್ಲ. ಉತ್ತರ ಕೀರ್ತನೆಯ ಪ್ರಕಾರದಲ್ಲಿದೆ.

ಇನ್ನೊಂದು ಸಂದರ್ಭ ನನ್ನನ್ನು ಹೆಚ್ಚು ಕಾಡುತ್ತದೆ. 4ನೆಯ ಸಂಜೆ 22 ಮತ್ತು 23ನೆಯ ಕೀರ್ತನೆಗಳು ಒಟ್ಟಿಗೆ ಬರುತ್ತವೆ: ಕೈಬಿಡಲ್ಪಟ್ಟವನ ಕೂಗು, ಅದರ ಬೆನ್ನಿಗೇ ಕುರಿಗಾಹಿಯ ಗೀತೆ. ಎರಡರ ಕೊನೆಗೂ ತ್ರಿತ್ವದ ಸ್ತುತಿಯನ್ನು ಹಾಡಬೇಕು. ಆ ಸ್ತುತಿ ಬಂದೊಡನೆ ಎಲ್ಲ ಬಾಗಿಲುಗಳನ್ನೂ ತೆರೆದು ಅಬ್ಬರಿಸುವುದು ಅನೇಕರ ರೂಢಿ. ಶಿಲುಬೆಯ ಮೇಲೆ ಪ್ರಭುವಿನ ಬಾಯಲ್ಲಿ ಬಂದ ಕೀರ್ತನೆಯ ನಂತರ ಆ ಅಬ್ಬರ ಏನನ್ನು ಹೇಳುತ್ತದೆ? ನೋವು ಮುಗಿಯಿತು, ಮರೆತುಬಿಡಿ ಎನ್ನುತ್ತದೆ. ಅದೇ ಸ್ತುತಿಯನ್ನು ಕೀರ್ತನೆಯ ಕತ್ತಲ ಬಣ್ಣವನ್ನು ಪೂರ್ತಿ ಕಳಚದೆ ನುಡಿಸಿದರೆ, ಮಹಿಮೆಗೆ ಒಳಗಾಗುತ್ತಿರುವವನು ಗಾಯಗಳುಳ್ಳವನೇ ಎಂಬುದು ಕೇಳಿಸುತ್ತದೆ. ಕ್ರಿಸ್ತಶಾಸ್ತ್ರದ ಒಂದು ಅಧ್ಯಾಯ ಎರಡು ಗುಂಡಿಗಳನ್ನು ಎಳೆಯುವುದರಲ್ಲೋ ಎಳೆಯದಿರುವುದರಲ್ಲೋ ಅಡಗಿದೆ.

ಸಂತ ಅಗಸ್ಟೀನರು 'ಅರಿಕೆಗಳು' ಗ್ರಂಥದ ಹತ್ತನೆಯ ಸಂಪುಟದಲ್ಲಿ ಇದೇ ತೊಳಲಾಟವನ್ನು ದಾಖಲಿಸಿದ್ದಾರೆ. ಕೀರ್ತನೆಗಳ ಇಂಪು ತಮ್ಮನ್ನು ಸೆಳೆದುಕೊಳ್ಳುವುದನ್ನು ಕಂಡು, ಮಾತಿಗೆ ಹತ್ತಿರವಾಗುವಷ್ಟು ಕಡಿಮೆ ಏರಿಳಿತದಿಂದ ಓದಿಸುತ್ತಿದ್ದ ಸಂತ ಅಥನಾಸಿಯುಸರ ಪದ್ಧತಿಯೇ ಕ್ಷೇಮವೆಂದು ಅವರಿಗೆ ಒಮ್ಮೊಮ್ಮೆ ಅನಿಸುತ್ತದೆ. ಮತ್ತೆ ತಮ್ಮ ಪರಿವರ್ತನೆಯ ದಿನಗಳ ಕಣ್ಣೀರನ್ನು ನೆನೆದು ಗಾಯನದ ಪರ ವಾಲುತ್ತಾರೆ. ಅವರು ಇದನ್ನು ಬಗೆಹರಿಸುವುದಿಲ್ಲ. ಧರ್ಮಸಭೆಯ ನಂತರದ ದಾಖಲೆಗಳೂ ಎರಡೂ ಕಡೆಯನ್ನು ಹಿಡಿದುಕೊಂಡಿವೆ. ಜಗದ್ಗುರು ಹತ್ತನೆಯ ಭಕ್ತಿನಾಥರು 1903ರಲ್ಲಿ, ಆರ್ಗನ್ ಗಾಯನವನ್ನು ಎತ್ತಿಹಿಡಿಯಬೇಕೇ ಹೊರತು ತುಳಿಯಬಾರದು ಎಂದು ವಿಧಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟಿತು. 1967ರ 'ಮುಸಿಕಾಂ ಸಾಕ್ರಾಂ' ಸೂಚನೆಯ 67ನೆಯ ಪರಿಚ್ಛೇದ ನಮ್ಮ ವಿಷಯಕ್ಕೆ ಅತಿ ಹತ್ತಿರದ್ದು: ವಾದಕನಿಗೆ ಕೈಚಳಕ ಸಾಲದು, ಆಶುವಾಗಿ ನುಡಿಸುವಾಗಲೂ ಆಚರಣೆಯನ್ನು ಶ್ರೀಮಂತಗೊಳಿಸುವಂತೆ ದೈವಾರಾಧನೆಯ ಆತ್ಮವನ್ನು ಅವನು ಹೊಕ್ಕಿರಬೇಕು.

ಈಗ ಮರಿಯಮ್ಮನವರ ಸ್ತುತಿಗೀತೆಗೆ ಬರೋಣ. ಹರ್ಬರ್ಟ್ ಹಾವೆಲ್ಸ್ ಅವರು ಇದೇ ಕಾಲೇಜಿಗಾಗಿ ರಚಿಸಿದ 'ಕೊಲೇಜಿಯುಂ ರೆಗಾಲೆ' 1945ರ ಕೃತಿ. ಯುದ್ಧದ ವರ್ಷಗಳಲ್ಲಿ ಅವರು ಹತ್ತಿರದ ಸೇಂಟ್ ಜಾನ್ಸ್ ಕಾಲೇಜಿನ ಹಂಗಾಮಿ ಆರ್ಗನ್ ವಾದಕರಾಗಿದ್ದರು. ಈ ಕೆಲಸವನ್ನು ಒಳಗಿನಿಂದ ಬಲ್ಲವರು. ಆರ್ಗನ್ನಿನ ಮೆಲುದನಿಯ ಮೇಲೆ ಬಾಲಕಂಠಗಳಿಂದಲೇ ಗೀತೆ ಆರಂಭವಾಗುತ್ತದೆ. ಬಲಾಢ್ಯರನ್ನು ಸಿಂಹಾಸನದಿಂದ ಇಳಿಸುವ ವಚನದಲ್ಲಿ ಒರಟು ಬಲ ಇರಬಾರದು, ಅದು ಗೀತೆಯ ಸ್ತ್ರೀತ್ವಕ್ಕೆ ಒಪ್ಪುವುದಿಲ್ಲ ಎಂಬ ಅರ್ಥದ ಮಾತನ್ನು ಹಾವೆಲ್ಸ್ ಅವರೇ ಆಡಿದ್ದಾರೆ.

ಇಲ್ಲಿ ನನ್ನ ತಕರಾರಿದೆ. ಸ್ತ್ರೀತ್ವವೆಂದರೆ ಮೃದುತ್ವ ಎಂಬುದು ಲೂಕನ ಗ್ರಹಿಕೆಯಲ್ಲ. ಈ ಗೀತೆಯ ಹಿಂದೆ ಸಮುವೇಲನ ತಾಯಿ ಹನ್ನಳ ಹಾಡಿದೆ. ಆ ಹಾಡಿನಲ್ಲಿ ಶೂರರ ಬಿಲ್ಲುಗಳು ಮುರಿಯುತ್ತವೆ. ಅದಕ್ಕೂ ಹಿಂದೆ ದಮ್ಮಡಿ ಹಿಡಿದ ಮಿರ್ಯಾಮಳಿದ್ದಾಳೆ. 1933ರ ಆಗಮನಕಾಲದಲ್ಲಿ ಲಂಡನ್ನಿನಲ್ಲಿ ಪ್ರಬೋಧಿಸಿದ ಬೊನ್‌ಹೋಫರ್ ಅವರು ಈ ಗೀತೆಯ ಮರಿಯಮ್ಮ ಚಿತ್ರಪಟಗಳ ಕನಸುಗಣ್ಣಿನ ಕೋಮಲೆಯಲ್ಲ ಎಂದು ಎಚ್ಚರಿಸಿದ್ದರು. ಆ ವರ್ಷ ಜರ್ಮನಿಯಲ್ಲಿ ಸಿಂಹಾಸನ ಏರಿದವನು ಯಾರೆಂದು ಕೇಳುಗರಿಗೆ ಗೊತ್ತಿತ್ತು.

ಕಿಂಗ್ಸ್‌ನ ಗೋಡೆಗಳೇ ಈ ವಚನಕ್ಕೆ ಸಾಕ್ಷಿ ಹೇಳುತ್ತವೆ. 1441ರಲ್ಲಿ ಕಾಲೇಜನ್ನು ಸ್ಥಾಪಿಸಿದ ಆರನೆಯ ಹೆನ್ರಿ 1461ರಲ್ಲಿ ಪಟ್ಟ ಕಳೆದುಕೊಂಡು, 1471ರಲ್ಲಿ ಸೆರೆಯಲ್ಲಿ ಸತ್ತ. ಆರ್ಗನ್ ನಿಂತಿರುವ ಆ ಅಡ್ಡಗೋಡೆಯ ಮೇಲೆ ಎಂಟನೆಯ ಹೆನ್ರಿ ಮತ್ತು ಆನ್ ಬೊಲಿನ್ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಕೆತ್ತಲಾಗಿದೆ. 1536ರಲ್ಲಿ ಆಕೆಯ ತಲೆ ಉರುಳಿತು. ಬಲಾಢ್ಯರು ಇಳಿಸಲ್ಪಡುವ ಹಾಡಿಗೆ ವಾದಕ ಸಂಜೆ ಸಂಜೆಯೂ ಆ ಅಕ್ಷರಗಳ ಮೇಲೆಯೇ ಕುಳಿತು ಜೊತೆ ನುಡಿಸುತ್ತಾನೆ.

ಹಾಗೆಂದು ಹಾವೆಲ್ಸ್ ಅವರ ಸಂಯಮವನ್ನು ಪೂರ್ತಿ ತಳ್ಳಿಹಾಕಲಾರೆ. ಲೂಕನ ಗ್ರೀಕಿನಲ್ಲಿ ಆ ಕ್ರಿಯಾಪದಗಳು ಆಗಿಹೋದ ಕಾರ್ಯವನ್ನು ಹೇಳುತ್ತವೆ: ದೇವರು ಇಳಿಸಿದ್ದಾರೆ, ಮೇಲೆತ್ತಿದ್ದಾರೆ. ನಡೆದುಹೋದದ್ದಕ್ಕೆ ಅಬ್ಬರ ಬೇಕಿಲ್ಲ; ಕನ್ಯೆಯೊಬ್ಬಳ ಗರ್ಭದಲ್ಲಿ ಸದ್ದಿಲ್ಲದೆ ಅದು ಆರಂಭವಾಗಿದೆ. ಈ ಅರ್ಥದಲ್ಲಿ ಅವರ ಮೆಲುದನಿ ಸರಿ. ಆದರೆ ತ್ರಿತ್ವದ ಸ್ತುತಿಯಲ್ಲಿ ಅವರು ಇದಕ್ಕೆ ತದ್ವಿರುದ್ಧವಾಗಿ ಎಲ್ಲವನ್ನೂ ಸುರಿಯುತ್ತಾರೆ. ಅದೇ ಸ್ತುತಿ ಸಿಮೆಯೋನನ ಗೀತೆಯ ಕೊನೆಗೂ ಮರಳಿ ಬರುತ್ತದೆ. ಕೇಳುಗನು ಹೊತ್ತುಕೊಂಡು ಹೋಗುವುದು ಆ ಪ್ರಭೆಯನ್ನೇ. ಹಸಿದವರು ತೃಪ್ತರಾದದ್ದು, ಸಿರಿವಂತರು ಬರಿಗೈಯಲ್ಲಿ ಹೋದದ್ದು ಆ ಪ್ರಭೆಯಲ್ಲಿ ಮಸುಕಾಗುತ್ತದೆ. ಸಂಯೋಜಕರು ಬರೆದದ್ದನ್ನು ವಾದಕ ಬದಲಿಸಲಾರ. ಹಸಿದವರ ವಚನದಲ್ಲಿ ಒಂದೊಂದು ಪದವೂ ಕೇಳುವಂತೆ ಕೊಳವೆಗಳನ್ನು ಕಡಿಮೆಮಾಡಬಲ್ಲ. ಪೂರ್ಣನಾದವನ್ನು ಕೊನೆಯ ಆಮೆನ್‌ವರೆಗೆ ಕಾಯ್ದಿರಿಸಬಲ್ಲ. ಇಷ್ಟು ಅವನ ಕೈಯಲ್ಲಿದೆ.

ಅವನು ವಿಶ್ವಾಸಿಯಾಗಿರಬೇಕೇ? ಇಪ್ಪತ್ತನೆಯ ಶತಮಾನದ ಆಂಗ್ಲ ದೈವಾರಾಧನಾ ಸಂಗೀತಕ್ಕೆ ಅಪಾರ ಕಾಣಿಕೆ ಕೊಟ್ಟ ವಾನ್ ವಿಲಿಯಮ್ಸ್ ಅವರು ಅಜ್ಞೇಯತಾವಾದಿಯಾಗಿದ್ದರು. ಅವಿಶ್ವಾಸಿ ತರುಣನೊಬ್ಬ ಕೀರ್ತನೆಗೆ ಶುದ್ಧವಾಗಿ ಜೊತೆ ನುಡಿಸಬಹುದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ದೊನಾತಿಯರ ವಿರುದ್ಧ ಅಗಸ್ಟೀನರು ಹೂಡಿದ ವಾದವನ್ನು ಇಲ್ಲಿಗೆ ಎಳೆತರುವ ಆಸೆ ಗುರುವಿದ್ಯಾರ್ಥಿಗಳಿಗೆ ಆಗಬಹುದು. ಆದರೆ ಆ ವಾದ ಸಂಸ್ಕಾರಗಳಿಗೆ ಸಂಬಂಧಿಸಿದ್ದು. ವ್ಯಾಖ್ಯಾನ ಸಂಸ್ಕಾರವಲ್ಲ. ಅದರ ಫಲ ವ್ಯಾಖ್ಯಾನಿಸುವವನ ಅರಿವನ್ನು ಅವಲಂಬಿಸುತ್ತದೆ. ಅವನಿಗೆ ವಿಶ್ವಾಸವಿಲ್ಲದಿದ್ದರೂ ಪಠ್ಯದ ಮುಂದೆ ವಿನಯವಿದ್ದರೆ ಸಾಗೀತು. ವಿಶ್ವಾಸವಿದ್ದೂ ಪಠ್ಯವನ್ನು ಓದದವನಿಂದ ಹೆಚ್ಚು ಹಾನಿ. ಮೇಲಿನ 67ನೆಯ ಪರಿಚ್ಛೇದ ಇದಕ್ಕಿಂತ ಹೆಚ್ಚನ್ನು ಬಯಸುತ್ತದೆ ಎಂಬುದನ್ನು ಒಪ್ಪುತ್ತೇನೆ.

ಕೇಂಬ್ರಿಜ್‌ನ ಈ ಪ್ರಶ್ನೆಗೆ ನಮ್ಮ ಗುರುಮಠಗಳ ಪ್ರಾರ್ಥನಾಲಯಗಳಲ್ಲಿ 32 ಅಡಿಯ ಕೊಳವೆ ಬೇಕಿಲ್ಲ. ಹಾರ್ಮೋನಿಯಂ ಅಥವಾ ಕೀಬೋರ್ಡ್ ಸಾಕು. ಬಲಿಪೂಜೆಯ ಪ್ರತ್ಯುತ್ತರ ಕೀರ್ತನೆಗೆ ಗುಂಡಿ ಒತ್ತಿದೊಡನೆ ಹೊರಡುವ ಸಿದ್ಧ ತಾಳವನ್ನು ಹಚ್ಚುವವನೂ ವ್ಯಾಖ್ಯಾನವನ್ನೇ ಮಾಡುತ್ತಿರುತ್ತಾನೆ, ಪಶ್ಚಾತ್ತಾಪದ 51ನೆಯ ಕೀರ್ತನೆಯಾಗಿದ್ದರೂ. ಭಾನುವಾರದ ವಾಚಕನಿಗೆ ಪಾಠವನ್ನು ಶುಕ್ರವಾರವೇ ಕೊಟ್ಟು ಓದಿಸುತ್ತೇವೆ. ಅದೇ ಹಾಳೆಯ ಇನ್ನೊಂದು ಪ್ರತಿಯನ್ನು ಕೀಬೋರ್ಡಿನ ಹುಡುಗನಿಗೂ ಕೊಟ್ಟು, ಈ ಕೀರ್ತನೆಯ ಕೀಲು ಯಾವ ವಚನದಲ್ಲಿದೆ ಎಂದು ಅವನನ್ನು ಕೇಳಬಹುದು.