ದಶರಥನ ಬಾಣ, ಭಾವನ ಕೋವಿ

ಶ್ರವಣಕುಮಾರನ ಕತೆಯನ್ನು ನಮ್ಮಲ್ಲಿ ಯಾರೂ ಬೇಟೆಯ ಅಪಘಾತದ ಕತೆ ಎಂದು ಓದುವುದಿಲ್ಲ. ಶಾಲೆಯಲ್ಲಿ ಅದು ತಂದೆತಾಯಿಯ ಸೇವೆಯ ಪಾಠ. ಹರಿಕತೆಯಲ್ಲಿ ಪುತ್ರಶೋಕದ ಶಾಪ. ಕಾವಡಿ ಹೊತ್ತ ಹುಡುಗನ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ, ಬಾಣ ಬಿಟ್ಟವನ ಕೈ ಕತ್ತಲಲ್ಲೇ ಉಳಿಯುತ್ತದೆ.

ವಾಲ್ಮೀಕಿಯಲ್ಲಿ ಹಾಗಿಲ್ಲ. ಅಲ್ಲಿ ಆ ಹುಡುಗನಿಗೆ ಹೆಸರೇ ಇಲ್ಲ. ಅಯೋಧ್ಯಾಕಾಂಡದಲ್ಲಿ ರಾಮ ಕಾಡಿಗೆ ಹೋದ ಆರನೆಯ ರಾತ್ರಿ, ತಾನು ಸಾಯುವ ರಾತ್ರಿ, ದಶರಥ ಈ ಪ್ರಸಂಗವನ್ನು ಕೌಸಲ್ಯೆಗೆ ತಾನೇ ಹೇಳುತ್ತಾನೆ. ಹೇಳುವಾಗ ವಿವರ ಬಿಡುವುದಿಲ್ಲ. ಆಗ ತಾನಿನ್ನೂ ಯುವರಾಜ. ಮಳೆಗಾಲ. ಸರಯೂ ದಡದಲ್ಲಿ ರಾತ್ರಿ ನೀರಿಗೆ ಬರುವ ಕಾಡೆಮ್ಮೆಗೋ ಆನೆಗೋ ಹೊಂಚು ಹಾಕಿ ಕೂತಿದ್ದ. ಕೊಡ ತುಂಬುವ ಸದ್ದು ಆನೆ ನೀರು ಕುಡಿದಂತೆ ಕೇಳಿತು, ಬಾಣ ಬಿಟ್ಟ. ಇದೆಲ್ಲಕ್ಕೂ ಮೊದಲು ಅವನು ಹೇಳಿಕೊಳ್ಳುವುದು ತನಗಿದ್ದ ಹೆಸರನ್ನು: ಶಬ್ದವೇಧಿ, ಸದ್ದಿಗೇ ಗುರಿಯಿಡಬಲ್ಲ ಹುಡುಗ. ನಾವು ಇಂದಿಗೂ ಆ ಪದವನ್ನು ಬಿರುದಿನ ಹಾಗೆ ಬಳಸುತ್ತೇವೆ. ಆದರೆ ಶಬ್ದವೇಧಿ ಎಂದರೆ ಏನನ್ನು ಹೊಡೆಯುತ್ತಿದ್ದೇನೆಂದು ನೋಡದೆ ಹೊಡೆಯುವವನು. ಅದು ವಿದ್ಯೆಯೇ ಇರಬಹುದು, ಅಪರಾಧವಂತೂ ಹೌದು. ಆ ಮುದುಕನ ಬಾಯಲ್ಲಿ ಈ ಎರಡೂ ಒಟ್ಟಿಗೆ ಬರುತ್ತವೆ. ಅವನು ವಿಧಿಯನ್ನು ದೂರುವುದಕ್ಕಿಂತ ಹೆಚ್ಚಾಗಿ ತನ್ನ ಹೆಮ್ಮೆಯನ್ನು ನೆನೆಯುತ್ತಾನೆ.

ಇದನ್ನು ಈಗ ಎತ್ತಲು ಕಾರಣವಿದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ, ದಕ್ಷಿಣ ಕನ್ನಡದ ಘಟ್ಟದ ಬುಡದಲ್ಲಿ ಕೋವಿ ಇರುವ ಮನೆಗಳು ಇನ್ನೂ ಬಹಳ ಇವೆ. ಹೆಚ್ಚಿನವು ಬೆಳೆ ರಕ್ಷಣೆಯ ಲೈಸೆನ್ಸಿನವು. ಕೊಡಗಿನ ಮಾತೇ ಬೇರೆ. ಅಲ್ಲಿ 1861ರ ಬ್ರಿಟಿಷ್ ಆದೇಶದಿಂದ ಶುರುವಾದ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಇದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಆ ಮೊಕದ್ದಮೆಯ ಸಮಯದಲ್ಲಿ ಎರಡೂ ಕಡೆಯವರು ಆಡಿದ್ದನ್ನು ಓದುತ್ತ ನನಗೆ ಅನ್ನಿಸಿದ್ದು, ಕೋವಿಯ ಬಗ್ಗೆ ನಮ್ಮಲ್ಲಿರುವುದು ಎರಡೇ ಬಗೆಯ ಗದ್ಯ. ಒಂದು ಅಜ್ಜನಿಂದ ಶುರುವಾಗುತ್ತದೆ: ಕೈಲ್‌ಪೊಳ್ದ್ ಹಬ್ಬ, ಆಯುಧಪೂಜೆ, ಗಂಡುಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು. ಇನ್ನೊಂದು ಪತ್ರಿಕೆಯ ಜಿಲ್ಲಾ ಪುಟದಿಂದ ಶುರುವಾಗುತ್ತದೆ: ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು. ಮೊದಲನೆಯ ಗದ್ಯದಲ್ಲಿ ಕೋವಿ ತೂಗುಹಾಕಿದ ಪಟದ ಹಾಗೆ, ಎರಡನೆಯದರಲ್ಲಿ ಹೆಡೆ ಬಿಚ್ಚಿದ ಹಾವಿನ ಹಾಗೆ. ಅದಕ್ಕೆ ಎಣ್ಣೆ ಹಚ್ಚುವವರು ಯಾರು, ತೋಟಾ ಎಲ್ಲಿಡುತ್ತಾರೆ, ಬೀಗದ ಕೈ ಯಾರ ಬಳಿ ಎನ್ನುವ ಮಾತು ಎರಡರಲ್ಲೂ ಬರುವುದಿಲ್ಲ. ಹಾಗಾಗಿ ಕೋವಿ ಇಟ್ಟುಕೊಂಡವರೂ ಅದಕ್ಕೆ ಹೆದರುವವರೂ ಒಂದೇ ಚಾವಡಿಯಲ್ಲಿ ಕೂತರೆ ಹತ್ತು ನಿಮಿಷಕ್ಕೆ ಮಾತು ಸಾಯುತ್ತದೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಓದುವ ಒಂದು ಪುಟ್ಟ ಪಠ್ಯವಿದೆ. ಅಮೆರಿಕದ ಜೆಫ್ ಕೂಪರ್ ರೂಪಿಸಿದ ನಾಲ್ಕು ಸುರಕ್ಷತಾ ನಿಯಮಗಳು. ಅವನ ರಾಜಕೀಯ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ, ಆದರೆ ನಿಯಮ ಬರೆದ ಕೈ ಒಳ್ಳೆಯ ಬರಹಗಾರನದು. ಎಲ್ಲ ಕೋವಿಯೂ ಯಾವಾಗಲೂ ತುಂಬಿದೆಯೆಂದೇ ತಿಳಿ. ನಾಶಮಾಡಲು ಸಿದ್ಧನಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡ. ಗುರಿ ಹಿಡಿಯುವ ತನಕ ಟ್ರಿಗರ್ ಮೇಲೆ ಬೆರಳಿಡಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ, ಎರಡನ್ನೂ ತಿಳಿದುಕೊ. ಕೊನೆಯದು ಸರಯೂ ದಡದ ನಿಯಮ. ದಶರಥನಿಗೆ ಅದೊಂದು ಗೊತ್ತಿದ್ದರೆ ರಾಮಾಯಣದ ಅರ್ಧ ದುಃಖ ಇರುತ್ತಿರಲಿಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮೊದಲನೆಯದು. ವಿಮರ್ಶೆಯ ಮಾತಿನಲ್ಲಿ ಹೇಳುವುದಾದರೆ ಅದೊಂದು ಕಟ್ಟುಕತೆ. ಎಲ್ಲ ಕೋವಿಗಳೂ ತುಂಬಿರುವುದಿಲ್ಲ, ನಿಯಮ ಬರೆದವನಿಗೂ ಅದು ಗೊತ್ತು. ಆದರೂ ಕೋವಿ ಮುಟ್ಟಿದ ಪ್ರತಿ ಸಲವೂ ಈ ಸುಳ್ಳನ್ನು ನಂಬು ಎನ್ನುತ್ತಾನೆ. ಪರೀಕ್ಷಿಸಿ ಖಾಲಿಯೆಂದು ಕಂಡ ಮೇಲೂ ನಂಬು. ನಾಟಕ ನೋಡುವಾಗ ನಾವು ಸ್ವಲ್ಪ ಹೊತ್ತು ನಂಬುತ್ತೇವಲ್ಲ, ಹಾಗೆ ಜೀವಮಾನವಿಡೀ ನಂಬು. ಈಗ ಯೋಚಿಸಿ: ಈ ನಂಬಿಕೆಯನ್ನು ಯಾರೂ ಕಲಿಸದೆಯೇ ಪಡೆದವರು ಯಾರು? ಕೋವಿ ಕಂಡರೆ ಗೋಡೆಗೆ ಸರಿಯುವವರು. ಅವರಿಗೆ ಅದು ಯಾವಾಗಲೂ ತುಂಬಿಯೇ ಇರುತ್ತದೆ. ವರ್ಷಗಟ್ಟಲೆ ಅಭ್ಯಾಸ ಮಾಡಿ ಉಳಿಸಿಕೊಳ್ಳಬೇಕಾದ ಭಯ ಅವರಲ್ಲಿ ಪುಕ್ಕಟೆಯಾಗಿ ಇದೆ.

ತೀರ್ಥಹಳ್ಳಿ ಕಡೆಯ ನನ್ನ ಭಾವ ಇದನ್ನು ತಲೆಕೆಳಗಾಗಿ ತಿಳಿದಿದ್ದರು. ಬೆಂಗಳೂರಿನಿಂದ ನನ್ನ ಜೊತೆ ಬಂದಿದ್ದ ಗೆಳತಿ, ಹೈಸ್ಕೂಲು ಟೀಚರು, ಒಳಕೋಣೆಯ ಬಾಗಿಲಲ್ಲಿ ಕೋವಿ ಕಂಡು ನಿಂತುಬಿಟ್ಟಾಗ ‘ಎಂತ ಮಾರಾಯ್ರೆ, ಖಾಲಿ ಕೋವಿಗೆ ಹೆದರ್ತೀರಲ್ಲ’ ಎಂದು ನಕ್ಕರು. ಹೆದರಿದವರನ್ನು ಸಮಾಧಾನ ಮಾಡಲು ಎಲ್ಲ ಕೋವಿಯವರೂ ಹೇಳುವ ಮಾತು ಇದೇ. ‘ಖಾಲಿ ಇದೆ’ ಎಂದುಕೊಂಡೇ ಎಷ್ಟೋ ಗುಂಡುಗಳು ಹಾರಿವೆ. ಅವಳು ನಗಲಿಲ್ಲ. ‘ನನಗೆ ಅದು ಹೇಗೆ ಗೊತ್ತಾಗಬೇಕು?’ ಎಂದಳು. ಭಾವ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ಕೋವಿಯನ್ನು ತಂದು, ನಳಿಗೆಯನ್ನು ಅಂಗಳದ ಕಡೆ ತಿರುಗಿಸಿ, ಮಡಚಿ ತೆರೆದರು. ಜೋಡುನಳಿಗೆಯ ಆಚೆಯಿಂದ ಬೆಳಕು ಎರಡು ದುಂಡು ಬಿಲ್ಲೆಯಾಗಿ ಕಂಡಿತು. ಅವರು ಸುಮ್ಮನೆ ತೋರಿಸಿದರು, ಮುಟ್ಟಲು ಹೇಳಲಿಲ್ಲ. ನಾನು ಕಂಡ ಮಟ್ಟಿಗೆ ಆ ಮನೆಯಲ್ಲಿ ಕೋವಿಯ ಬಗ್ಗೆ ಮಾತು ಶುರುವಾದದ್ದು ಅಲ್ಲಿಂದ. ಅಜ್ಜನ ಹೆಸರೂ ಬರಲಿಲ್ಲ, ಹಂದಿ ತಿಂದ ಗದ್ದೆಯ ಲೆಕ್ಕವೂ ಬರಲಿಲ್ಲ.

ಚೆಕಾವನ ಹೆಸರಲ್ಲಿ ಓಡಾಡುವ ಮಾತೊಂದು ನಮಗೆಲ್ಲ ಬಾಯಿಪಾಠ: ರಂಗದ ಮೇಲೆ ಬಂದೂಕು ತೂಗುಹಾಕಿದರೆ ಅದು ಮುಂದೆ ಸಿಡಿಯಲೇಬೇಕು. ಕತೆ ಕಟ್ಟುವವರಿಗೆ ಒಳ್ಳೆಯ ಸಲಹೆ. ಆದರೆ ನೂರಿಪ್ಪತ್ತು ವರ್ಷಗಳಿಂದ ನಾಟಕ, ಕಾದಂಬರಿ, ಸಿನಿಮಾಗಳೆಲ್ಲ ಇದನ್ನೇ ಪಾಲಿಸಿ ನಮಗೊಂದು ಪಾಠ ಕಲಿಸಿಬಿಟ್ಟಿವೆ: ಕಂಡ ಕೋವಿ ಸಿಡಿಯುತ್ತದೆ. ನನ್ನ ಗೆಳತಿ ಹೆದರಿದ್ದು ಒಳ್ಳೆಯ ಓದುಗಳಾದ್ದರಿಂದಲೂ ಹೌದು. ಮನೆಯ ಕೋವಿಯ ಕತೆ ಇದಕ್ಕೆ ತೀರ ವಿರುದ್ಧ. ಅಲ್ಲಿ ಐದನೆಯ ಅಂಕದವರೆಗೂ ಏನೂ ಆಗದಿರುವುದೇ ಯಶಸ್ಸು. ಇಂಥ ಕತೆಯನ್ನು ಬರೆಯುವುದು ಕಷ್ಟ, ಓದುವವರೂ ಕಡಿಮೆ. ಕೆನೆತ್ ಆಂಡರ್ಸನ್ ಆಧರಿಸಿ ತೇಜಸ್ವಿ ಕೊಟ್ಟ ‘ಕಾಡಿನ ಕತೆಗಳು’ ಓದಿ ಬೆಳೆದ ನಮಗೆ ನೆನಪಿರುವುದು ನರಭಕ್ಷಕ ಬಿದ್ದ ಗಳಿಗೆ. ಮರದ ಮೇಲೆ ರಾತ್ರಿಯಿಡೀ ಗುಂಡು ಹಾರಿಸದೆ ಕೂತ ಪುಟಗಳು ಅದಕ್ಕಿಂತ ಹೆಚ್ಚಿವೆ, ಅವು ನೆನಪಿನಲ್ಲಿ ಉಳಿದಿಲ್ಲ.

ಗುಂಡು ಹಾರಿಸದೆ ಇರುವುದು ಎಷ್ಟು ಕಷ್ಟ ಎನ್ನುವುದನ್ನು ಜಾರ್ಜ್ ಆರ್ವೆಲ್‌ನಷ್ಟು ನಿಷ್ಠುರವಾಗಿ ಬರೆದವರನ್ನು ನಾನು ಓದಿಲ್ಲ. 1936ರಲ್ಲಿ ಪ್ರಕಟವಾದ, ಆನೆಗೆ ಗುಂಡು ಹೊಡೆದ ಪ್ರಬಂಧ. ಅದನ್ನು ಕಾಲೇಜುಗಳಲ್ಲಿ ಸಾಮ್ರಾಜ್ಯಶಾಹಿಯ ವಿಮರ್ಶೆ ಎಂದು ಪಾಠ ಮಾಡುತ್ತಾರೆ, ತಪ್ಪಲ್ಲ. ನಾನು ಅದನ್ನು ಕೋವಿಯ ಸುರಕ್ಷತೆಯ ಪ್ರಬಂಧವೆಂದು ಓದುತ್ತೇನೆ. ಬರ್ಮಾದ ಊರೊಂದರಲ್ಲಿ ಮದವೇರಿದ ಆನೆ ಒಬ್ಬನನ್ನು ತುಳಿದಿದೆ. ಪೊಲೀಸ್ ಅಧಿಕಾರಿ ತನ್ನ ರಕ್ಷಣೆಗೆಂದಷ್ಟೇ ದೊಡ್ಡ ರೈಫಲ್ ಒಂದನ್ನು ಎರವಲು ತರಿಸುತ್ತಾನೆ. ಅವನು ತಲುಪುವ ಹೊತ್ತಿಗೆ ಆನೆ ಶಾಂತವಾಗಿ ಹುಲ್ಲು ಮೇಯುತ್ತಿದೆ, ಹೊಡೆಯಬೇಕಿಲ್ಲವೆಂದು ಅವನಿಗೇ ಗೊತ್ತು. ಆದರೆ ಬೆನ್ನ ಹಿಂದೆ ಎರಡು ಸಾವಿರ ಜನ. ರೈಫಲ್ ಬಂದಿದೆ, ಜನ ಕಾಯುತ್ತಿದ್ದಾರೆ, ಇನ್ನು ಹಿಂದೆ ಹೋಗುವಂತಿಲ್ಲ. ಮೂರ್ಖನಂತೆ ಕಾಣಬಾರದೆಂದು ಹೊಡೆಯುತ್ತಾನೆ. ಕೋವಿ ಕೈಗೆ ಬಂದ ಮೇಲೆ ಬೆರಳನ್ನು ಒತ್ತುವವರು ಸುತ್ತಲಿನ ಜನವೂ ಆಗಿರುತ್ತಾರೆ. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸುವವನಿಗೂ ಅದೇ ಕಾಯಿಲೆ. ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ ಅಂಥ ಸಂಭ್ರಮದ ಗುಂಡಿನಿಂದ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದು ಸೇರಿಸಬೇಕಾಯಿತು. ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿದ್ದದ್ದು ಎರಡಕ್ಕೆ ಇಳಿದದ್ದೂ ಆಗಲೇ.

ಕಾನೂನು ಅಷ್ಟು ದೂರ ಬರುತ್ತದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಿಸುತ್ತದೆ, ಅದಕ್ಕೆ ಮಲೆನಾಡಿನ ರೈತರ ಗೊಣಗಾಟ ಪ್ರತಿ ಸಲದ್ದು, ನ್ಯಾಯವೂ ಇದೆ. ಆದರೆ ಚುನಾವಣೆಯಿಲ್ಲದ ದಿನ ಮನೆಯೊಳಗೆ ಏನಾಗುತ್ತದೆ ಎನ್ನುವುದು ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಹೆಮಿಂಗ್ವೇ ಜೀವನದ ಕೊನೆಯ ಪುಟ ನನ್ನನ್ನು ಕಾಡುವುದು ಇದಕ್ಕೇ. ಕೋವಿಯನ್ನು ಅಷ್ಟು ಬಲ್ಲ ಬರಹಗಾರ ಇನ್ನೊಬ್ಬನಿಲ್ಲ. 1961ರಲ್ಲಿ ಅವನ ಮನಸ್ಸು ಕೆಟ್ಟಿದ್ದಾಗ ಹೆಂಡತಿ ಮೇರಿ ಕೋವಿಗಳನ್ನೆಲ್ಲ ಒಳಗಿಟ್ಟು ಬೀಗ ಹಾಕಿದ್ದಳು. ಬೀಗದ ಕೈ ಅಡುಗೆಮನೆಯಲ್ಲಿ, ಅವನಿಗೆ ಗೊತ್ತಿದ್ದ ಜಾಗದಲ್ಲೇ ಇತ್ತು. ಕೋವಿಯವರು ಬೀಗ ಎಂದಾಗ ಕಳ್ಳರನ್ನು ನೆನೆಯುತ್ತಾರೆ, ಮಕ್ಕಳನ್ನು ನೆನೆಯುತ್ತಾರೆ. ಅಮೆರಿಕದಲ್ಲಿ ಕೋವಿಯಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಅಂದರೆ ಬೀಗ ಯಾರಿಂದ ಕಾಯಬೇಕೋ ಅವನೇ ಬಹಳ ಸಲ ಯಜಮಾನ. ಅಲ್ಲಿನ ವೈದ್ಯರು ಕಷ್ಟದ ದಿನಗಳಲ್ಲಿ ಕೋವಿಯನ್ನು ಸ್ವಲ್ಪ ಕಾಲ ಬೇರೆಯವರ ವಶಕ್ಕೆ ಕೊಡಿ ಎಂದು ಹೇಳುವುದುಂಟು. ಆ ಗಳಿಗೆ ದಾಟಿದರೆ ಬದುಕಿಕೊಳ್ಳುವವರೇ ಹೆಚ್ಚು. ನಮ್ಮಲ್ಲಿ ಈ ಮಾತನ್ನು ಆಡಿದರೆ ಅಪಶಕುನವೆಂದು ಬಾಯಿ ಮುಚ್ಚಿಸುತ್ತಾರೆ. ಕೋವಿಗೆ ಹೂವಿಟ್ಟು ಪೂಜಿಸುವ ನಾಡಿನಲ್ಲಿ ಆ ಪ್ರಶ್ನೆ ಕೇಳಲು ಹೊರಗಿನವರೇ ಬರಬೇಕು, ಅದೂ ಹೆದರಿದ ಹೊರಗಿನವರು.

ಗೆಳತಿ ಕೇಳಿದಳು. ತೋಟಾ ಎಲ್ಲಿಡುತ್ತೀರಿ ಎಂದಳು. ಭಾವ ಬೇರೆ ಕಪಾಟು ತೋರಿಸಿದರು. ಕುಡಿಯುವ ದಿನ? ‘ಕುಡಿದ ದಿನ ಹಂದಿ ಗದ್ದೆಯನ್ನೆಲ್ಲ ತಿಂದು ಹೋದರೂ ಮುಟ್ಟಲ್ಲ.’ ಮಕ್ಕಳ ಗೆಳೆಯರು ಬಂದಾಗ? ಅದಕ್ಕೂ ಉತ್ತರವಿತ್ತು. ಆಮೇಲೆ ಅವಳು ಸ್ವಲ್ಪ ತಡೆದು, ‘ಬೇಜಾರು ಮಾಡ್ಕೋಬೇಡಿ. ನಿಮಗೇ ಮನಸ್ಸು ಸರಿಯಿಲ್ಲದ ದಿನ?’ ಎಂದಳು.

ಭಾವ ಕೋವಿಯ ಹಿಡಿ ಒರೆಸುತ್ತ ಕೂತರು. ಒಳಗಿಂದ ಅಕ್ಕ, ಕಾಫಿ ಲೋಟ ತಂದಿಡುತ್ತ, ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದಳು: ‘ಅಡಿಕೆಗೆ ಕೊಳೆ ಬಂದು ಪೂರ್ತಿ ಹೋಯ್ತಲ್ಲ, ಆ ವರ್ಷ ಬೀಗದ ಕೈ ನನ್ನ ತವರುಮನೇಲಿತ್ತು. ಇವರು ಕೇಳಲೂ ಇಲ್ಲ.’