ತೂಗುವ ಮೊದಲೇ ತೀರ್ಪು

ತಕ್ಕಡಿ ಹಿಡಿದವನಿಗೆ ಸಮಾಜವು ವಿಧಿಸಿರುವ ಧರ್ಮ ಸರಳವಾದುದು: ಸರಕನ್ನು ತಟ್ಟೆಯಲ್ಲಿಟ್ಟ ಮೇಲೆಯೇ ತೂಕವನ್ನು ಹೇಳಬೇಕು. ತೂಕವನ್ನು ಮೊದಲೇ ಗೊತ್ತುಮಾಡಿಕೊಂಡು ಅನಂತರ ಸರಕನ್ನು ಅದಕ್ಕೆ ಹೊಂದಿಸುವವನನ್ನು ಯಾರೂ ಪ್ರಾಮಾಣಿಕನೆಂದು ಕರೆಯುವುದಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದೆಂದು ಶ್ರಾವಕರೆಲ್ಲರೂ ಬಲ್ಲರು. ಅಕ್ಕಿ ಬೇಳೆಗಳ ಅಳತೆಯಲ್ಲಿ ಇಷ್ಟು ಎಚ್ಚರ ವಹಿಸುವ ವಿವೇಕವು ಮನುಷ್ಯನ ದುಡಿಮೆಯನ್ನು ಅಳೆಯುವಾಗ ಎಲ್ಲಿ ಉಳಿಯುತ್ತದೆ? ದೊಡ್ಡ ಉದ್ಯಮಗಳಲ್ಲಿ ನಡೆದುಬಂದಿರುವ ವಾರ್ಷಿಕ ಶ್ರೇಣೀಕರಣ ಪದ್ಧತಿಯು ಈ ಪ್ರಶ್ನೆಯನ್ನು ಎತ್ತುತ್ತದೆ.

ಕಂಪನಿಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳಿಗೆ ಈ ವಿಷಯ ಅಪರಿಚಿತವಲ್ಲ. ವರ್ಷವಿಡೀ ಹೊತ್ತು ಗೊತ್ತಿಲ್ಲದೆ ದುಡಿದ ಮಗನೋ ಮಗಳೋ ಒಂದು ಸಂಜೆ ಮುಖ ಬಾಡಿಸಿಕೊಂಡು ಮನೆಗೆ ಬರುತ್ತಾರೆ. ಕೆಲಸ ಕೆಟ್ಟಿಲ್ಲ, ಯಾರೂ ತಪ್ಪು ತೋರಿಸಿಲ್ಲ. ಆದರೂ ದೊರೆತ ಶ್ರೇಣಿ ಕೆಳಗಿನದು. ಕಾರಣ ಕೇಳಿದರೆ, ಮೇಲಿನ ಶ್ರೇಣಿಯ ಸ್ಥಾನಗಳು ಭರ್ತಿಯಾಗಿದ್ದವೆಂಬ ಉತ್ತರ. ಹಿರಿಯರು ಇದನ್ನು ವೇತನವೃದ್ಧಿಯ ಆಸೆ ಕೈಗೂಡದವರ ಗೊಣಗಾಟವೆಂದು ಭಾವಿಸುವುದುಂಟು. ಆ ತೀರ್ಮಾನ ಅವಸರದ್ದು. ಹಣ ಕಡಿಮೆಯಾದುದಕ್ಕಿಂತ, ತನ್ನ ವಿಷಯದಲ್ಲಿ ನಿಜವಲ್ಲದ ಮಾತೊಂದು ದಾಖಲೆಯಾಯಿತೆಂಬುದೇ ಆ ಅಳಲಿನ ತಿರುಳು.

ಈ ಪದ್ಧತಿಯ ಪ್ರಸಿದ್ಧ ಪ್ರತಿಪಾದಕ ಅಮೆರಿಕದ ಜಾಕ್ ವೆಲ್ಚ್. ೧೯೮೧ರಿಂದ ೨೦೦೧ರವರೆಗೆ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅವರು ನೌಕರರನ್ನು ಮೂರು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ಬಳಕೆಗೆ ತಂದರು: ಮೇಲಿನ ಶೇಕಡ ೨೦, ನಡುವಿನ ಶೇಕಡ ೭೦, ಕೊನೆಯ ಶೇಕಡ ೧೦. ಮೇಲಿನವರಿಗೆ ಧಾರಾಳ ಪುರಸ್ಕಾರ. ಕೊನೆಯವರಿಗೆ ಸಾಮಾನ್ಯವಾಗಿ ಹೊರಗಿನ ದಾರಿ. ಅನೇಕ ಸಂಸ್ಥೆಗಳು ಇದನ್ನು ಮಾದರಿಯೆಂದು ಸ್ವೀಕರಿಸಿದವು. ೨೦೦೦ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯ ಸಂಶೋಧನ ಕೇಂದ್ರಕ್ಕೆ ವೆಲ್ಚ್ ಅವರ ಹೆಸರನ್ನೇ ಇಡಲಾಯಿತು. ನಮ್ಮ ನಾಡಿನ ಸಾಫ್ಟ್‌ವೇರ್ ಉದ್ಯಮಕ್ಕೂ ಇದೇ ಬಗೆಯ ಶ್ರೇಣೀಕರಣ ಬೇಗನೆ ಹರಡಿತು.

ವಿಮರ್ಶೆ ನ್ಯಾಯವಾಗಬೇಕಾದರೆ ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿಯೇ ಮಂಡಿಸಬೇಕು. ವೆಲ್ಚ್ ಅವರ ವಾದ ಕೇವಲ ಲಾಭದ್ದಲ್ಲ, ದಯೆಯದೂ ಹೌದು. ಕೆಲಸಕ್ಕೆ ಹೊಂದದವನಿಗೆ ಸತ್ಯವನ್ನು ಹೇಳದೆ ವರ್ಷಗಟ್ಟಲೆ ಇಟ್ಟುಕೊಂಡು, ಬೇರೆಡೆ ಅವಕಾಶ ಸಿಗದ ನಡುವಯಸ್ಸಿನಲ್ಲಿ ಹೊರಗೆ ಕಳುಹಿಸುವುದೇ ನಿಜವಾದ ಕ್ರೌರ್ಯ. ಎಳೆಯ ವಯಸ್ಸಿನಲ್ಲಿಯೇ ತಿಳಿಸಿದರೆ ಅವನು ತನಗೊಪ್ಪುವ ಹಾದಿಯನ್ನು ಹುಡುಕಿಕೊಂಡಾನು ಎಂಬುದು ಅವರ ನಿಲುವು. ಈ ಮಾತಿನಲ್ಲಿ ಸತ್ಯಾಂಶವಿದೆ. ದಾಕ್ಷಿಣ್ಯಕ್ಕಾಗಿ ಎಲ್ಲರಿಗೂ ಒಳ್ಳೆಯದನ್ನೇ ಬರೆಯುವ ಅಧಿಕಾರಿಯೂ ಸುಳ್ಳನ್ನೇ ಬರೆಯುತ್ತಾನೆ.

ಆದರೆ ಈ ವಾದವು ಒಂದು ಸಂಗತಿಯನ್ನು ಮರೆಮಾಡುತ್ತದೆ. ಸತ್ಯವನ್ನು ಹೇಳಬೇಕೆಂಬುದು ಒಂದು ಮಾತು. ಅಯೋಗ್ಯರ ಸಂಖ್ಯೆ ಇಷ್ಟೇ ಇರತಕ್ಕದ್ದೆಂಬುದು ಬೇರೊಂದು ಮಾತು. ಹತ್ತು ಜನರ ಒಂದು ತಂಡವಿದೆಯೆಂದು ಭಾವಿಸೋಣ. ಹತ್ತೂ ಮಂದಿ ಒಪ್ಪಿಕೊಂಡ ಕೆಲಸವನ್ನು ಚೆನ್ನಾಗಿ ಮುಗಿಸಿದ್ದಾರೆ. ಆದರೂ ಪ್ರಮಾಣಕ್ಕಾಗಿ ಒಬ್ಬನನ್ನು ಕೊನೆಯವನೆಂದು ಬರೆಯಬೇಕು. ಪಕ್ಕದ ತಂಡದಲ್ಲಿ ಮೂವರು ಕೆಲಸಗೇಡಿಗಳಿದ್ದರೆ ಅಲ್ಲಿಯೂ ಒಬ್ಬನೇ ಕೊನೆಯವನು. ಉಳಿದಿಬ್ಬರು ನಡುವಿನ ವರ್ಗದಲ್ಲಿ ಸುಖವಾಗಿ ಅಡಗಿಕೊಳ್ಳುತ್ತಾರೆ. ಹೀಗೆ ಒಂದೇ ನಿಯಮವು ಒಂದೆಡೆ ಸಮರ್ಥನನ್ನು ಅಸಮರ್ಥನೆಂದೂ ಇನ್ನೊಂದೆಡೆ ಅಸಮರ್ಥನನ್ನು ಸಮರ್ಥನೆಂದೂ ಸಾರುತ್ತದೆ. ಇದನ್ನು ಅಳತೆಯೆನ್ನಲಾಗದು, ಇದು ಹಂಚಿಕೆ. ಸತ್ಯದ ಹೆಸರಿನಲ್ಲಿ ಹೊರಟ ಪದ್ಧತಿಯು ಅಸತ್ಯವನ್ನು ನಿಯಮವಾಗಿಸಿಕೊಳ್ಳುವುದು ಇಲ್ಲಿಯೇ.

ಈ ಪ್ರಮಾಣಗಳಿಗೆ ಆಧಾರವೆಂದು ತೋರಿಸಲಾಗುವುದು ಬೆಲ್ ಕರ್ವ್, ಅಂದರೆ ಗಂಟೆಯಾಕಾರದ ವಕ್ರರೇಖೆ. ಜರ್ಮನಿಯ ಗಣಿತಜ್ಞ ಗೌಸ್ ೧೮೦೯ರಲ್ಲಿ ಗ್ರಹಗತಿಗಳ ವೀಕ್ಷಣೆಯಲ್ಲಿ ಒದಗುವ ದೋಷಗಳನ್ನು ವಿವರಿಸಲು ಈ ರೇಖೆಯನ್ನು ಬಳಸಿದರು. ಅಪಾರ ಸಂಖ್ಯೆಯಲ್ಲಿ, ಯಾದೃಚ್ಛಿಕವಾಗಿ ಒದಗುವ ಸಂಗತಿಗಳಿಗೆ ಅದು ಒಪ್ಪುತ್ತದೆ. ಲಿಖಿತ ಪರೀಕ್ಷೆ, ಸಂದರ್ಶನಗಳ ಜರಡಿಯಲ್ಲಿ ಹಿಡಿದು ಆರಿಸಿದ ಹತ್ತು ಹದಿನೈದು ಜನರಿಗೆ ಅದೇ ರೇಖೆಯನ್ನು ಹೊದಿಸುವುದು ಗಣಿತದ ಹೆಸರಿನಲ್ಲಿ ಗಣಿತಕ್ಕೇ ಮಾಡುವ ಅಪಚಾರ.

ಸಂಖ್ಯಾಶಾಸ್ತ್ರಜ್ಞರಾದ ಎಡ್ವರ್ಡ್ಸ್ ಡೆಮಿಂಗ್ ಇದನ್ನು ಬಹಳ ಹಿಂದೆಯೇ ಕಂಡಿದ್ದರು. ೧೯೫೦ರಿಂದ ಜಪಾನಿನ ಉದ್ಯಮಿಗಳಿಗೆ ಗುಣಮಟ್ಟದ ಪಾಠ ಹೇಳಿದ ಅವರು ವಾರ್ಷಿಕ ಮೌಲ್ಯಮಾಪನವನ್ನು ಉದ್ಯಮಗಳ ಮಾರಕ ರೋಗಗಳಲ್ಲಿ ಒಂದೆಂದು ಎಣಿಸಿದರು. ತಮ್ಮ ಉಪನ್ಯಾಸಗಳಲ್ಲಿ ಅವರು ಮಣಿಗಳ ಪ್ರಯೋಗವೊಂದನ್ನು ಮಾಡಿಸುತ್ತಿದ್ದರು. ಒಂದು ಪೆಟ್ಟಿಗೆಯ ತುಂಬ ಬಿಳಿಯ ಮತ್ತು ಕೆಂಪು ಮಣಿಗಳು; ಐದರಲ್ಲಿ ಒಂದು ಭಾಗದಷ್ಟು ಕೆಂಪು. ಕೆಲಸಗಾರರು ೫೦ ಕುಳಿಗಳುಳ್ಳ ಹಲಗೆಯನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಕೆಂಪು ಮಣಿ ಬಂದರೆ ಅದು ದೋಷ. ಕಡಿಮೆ ಕೆಂಪು ತಂದವನಿಗೆ ಮೇಸ್ತ್ರಿಯ ಹೊಗಳಿಕೆ, ಹೆಚ್ಚು ತಂದವನಿಗೆ ಬೈಗುಳ. ಕೈಗಳು ಬೇರೆಯಾದರೂ ಪೆಟ್ಟಿಗೆ ಎಲ್ಲರಿಗೂ ಒಂದೇ. ಹೆಚ್ಚು ಕಡಿಮೆಗಳು ಕೇವಲ ಆಕಸ್ಮಿಕ. ಸಭಿಕರು ನಗುತ್ತಿದ್ದರು. ಆದರೆ ಪೆಟ್ಟಿಗೆಯನ್ನು ತುಂಬಿದವನು ಆಡಳಿತಗಾರ, ಶಿಕ್ಷೆ ಅನುಭವಿಸಿದವನು ಕೆಲಸಗಾರ ಎಂಬ ಅರಿವು ಆ ನಗೆಯ ಹಿಂದೆಯೇ ಬರುತ್ತಿತ್ತು.

ಪದ್ಧತಿಯ ಫಲವೂ ಕಾಲಕ್ರಮದಲ್ಲಿ ಬಯಲಾಯಿತು. ಒಬ್ಬನ ಏಳಿಗೆಗೆ ಮತ್ತೊಬ್ಬನ ಇಳಿಕೆಯೇ ಮೆಟ್ಟಿಲಾದಲ್ಲಿ ಸಹೋದ್ಯೋಗಿಗೆ ನೆರವಾಗುವುದು ಸ್ವಂತ ನಷ್ಟವೆನಿಸುತ್ತದೆ. ಮಾತ್ಸರ್ಯಕ್ಕೆ ಸಂಬಳ ಕೊಟ್ಟು ಸಾಕಿದಂತಾಗುತ್ತದೆ. ಫೋರ್ಡ್ ಸಂಸ್ಥೆಯು ೨೦೦೦ದಲ್ಲಿ ತನ್ನ ಅಧಿಕಾರಿಗಳಿಗೆ ಇಂತಹ ಶ್ರೇಣೀಕರಣವನ್ನು ಅನ್ವಯಿಸಿದಾಗ ಹಿರಿಯ ವಯಸ್ಸಿನ ನೌಕರರು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷವೇ ಸಂಸ್ಥೆ ಅದನ್ನು ಸಡಿಲಿಸಬೇಕಾಯಿತು. ೨೦೧೩ರಲ್ಲಿ ಮೈಕ್ರೋಸಾಫ್ಟ್, ೨೦೧೫ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಕಡ್ಡಾಯ ಪ್ರಮಾಣವನ್ನು ಕೈಬಿಟ್ಟವು. ವೆಲ್ಚ್ ಅವರ ಸಂಸ್ಥೆಯೇ ಅವರ ತರುವಾಯ ಅದನ್ನು ತೊರೆಯಿತು.

ಪ್ರಮಾಣವನ್ನು ತೊರೆದ ಮಾತ್ರಕ್ಕೆ ನ್ಯಾಯ ಸಿದ್ಧಿಸಿತೆನ್ನಲಾಗದು. ಇದಕ್ಕೆ ನಮ್ಮ ಸರಕಾರಿ ಸೇವೆಯ ಗೋಪ್ಯ ವರದಿಗಳೇ ಸಾಕ್ಷಿ. ಗಡಿ ರಸ್ತೆಗಳ ಸೇವೆಯಲ್ಲಿದ್ದ ಎಂಜಿನಿಯರೊಬ್ಬರಿಗೆ ೧೯೯೩-೯೪ರ ವರದಿಯಲ್ಲಿ 'ಉತ್ತಮ' ಎಂದು ಬರೆಯಲಾಗಿತ್ತು. ಬಡ್ತಿಗೆ ಬೇಕಾಗಿದ್ದುದು ಐದು ವರ್ಷಗಳ 'ಅತ್ಯುತ್ತಮ'. ಆ ಒಂದು ಪದ ಅವರ ಬಡ್ತಿಯನ್ನು ತಡೆಯಿತು. ಹಾಗೆ ಬರೆದಿದೆಯೆಂಬುದನ್ನು ಮಾತ್ರ ಅವರಿಗೆ ತಿಳಿಸಿರಲಿಲ್ಲ. ೨೦೦೮ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ವರದಿಯ ಪ್ರತಿಯೊಂದು ನಮೂದನ್ನೂ, ಅದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ನೌಕರನಿಗೆ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕೆಂದು ತೀರ್ಪಿತ್ತಿತು. ಅಷ್ಟರಲ್ಲಿ ಆ ಎಂಜಿನಿಯರು ನಿವೃತ್ತರಾಗಿದ್ದರು. ೨೦೦೯ರಲ್ಲಿ ಕೇಂದ್ರ ಸರಕಾರವು ಗೋಪ್ಯ ವರದಿಯ ಬದಲು ನೌಕರನಿಗೆ ಪೂರ್ಣವಾಗಿ ತೋರಿಸುವ ವರದಿಯನ್ನೂ ಆಕ್ಷೇಪಣೆಗೆ ೧೫ ದಿನಗಳ ಕಾಲಾವಕಾಶವನ್ನೂ ಜಾರಿಗೆ ತಂದಿತು.

ಈ ಪ್ರಕರಣದಲ್ಲಿ ಪ್ರಮಾಣದ ಕಟ್ಟಳೆ ಇರಲಿಲ್ಲ, ಬೈಗುಳವಂತೂ ಇರಲೇ ಇಲ್ಲ. ಬರೆದದ್ದು ಒಳ್ಳೆಯ ಮಾತೇ. ಆದರೂ ಒಳ್ಳೆಯ ಮಾತು ಮರೆಯಲ್ಲಿ ನಿಂತು ಪೆಟ್ಟು ಕೊಟ್ಟಿತು. ಆದುದರಿಂದ ದೋಷವು ಕೇವಲ ಅಂಕಿಯಲ್ಲಿಯೂ ಇಲ್ಲ, ಕೇವಲ ಪದದಲ್ಲಿಯೂ ಇಲ್ಲ. ಅಳೆಯಲ್ಪಟ್ಟವನಿಗೆ ತಕ್ಕಡಿ ಕಾಣದಿರುವುದರಲ್ಲಿದೆ. ಅಂಕಗಳನ್ನು ರದ್ದುಪಡಿಸಿದ ಸಂಸ್ಥೆಯೂ ವೇತನವೃದ್ಧಿಯನ್ನು ಹಂಚಲೇಬೇಕು. ಆ ಹಂಚಿಕೆ ಬಾಗಿಲ ಹಿಂದೆ ನಡೆದರೆ ಹಳೆಯ ಅನ್ಯಾಯವೇ ಹೆಸರಿಲ್ಲದೆ ಮುಂದುವರಿಯುತ್ತದೆ.

ನ್ಯಾಯವಾದ ಮೌಲ್ಯಮಾಪನಕ್ಕೆ ಬೇಕಾದುದು ಮೂರು. ಯಾವುದನ್ನು ಅಳೆಯಲಾಗುವುದೆಂದು ವರ್ಷದ ಆರಂಭದಲ್ಲಿಯೇ ತಿಳಿಸಬೇಕು. ಬರೆದುದನ್ನು ಸಂಬಂಧಪಟ್ಟವನಿಗೆ ತೋರಿಸಿ ಅವನ ಉತ್ತರವನ್ನು ಆಲಿಸಬೇಕು. ಕೊನೆಯ ಸ್ಥಾನಕ್ಕೆ ಇಷ್ಟು ಜನ ಬೇಕೆಂಬ ಮುಂಗಡ ಲೆಕ್ಕ ಇರಕೂಡದು. ಇವು ಪಾಲನೆಯಾದ ಮೇಲೆಯೂ ಕೆಲವರು ಕಡಿಮೆ ತೂಗಿಯಾರು. ಅದನ್ನು ಅವರಿಗೆ ಹೇಳುವುದು ಹಿಂಸೆಯಲ್ಲ.

ಇದು ದೊಡ್ಡ ಕಂಪನಿಗಳಿಗಷ್ಟೇ ಸೇರಿದ ವಿಚಾರವೆಂದು ಬಗೆಯುವಂತಿಲ್ಲ. ಶಾಲೆ, ವಿದ್ಯಾರ್ಥಿನಿಲಯ, ಚಿಕಿತ್ಸಾಲಯಗಳನ್ನು ನಡೆಸುವ ಧರ್ಮಸಂಸ್ಥೆಗಳಲ್ಲಿಯೂ ಉಪಾಧ್ಯಾಯರಿದ್ದಾರೆ, ಗುಮಾಸ್ತರಿದ್ದಾರೆ, ದಾದಿಯರಿದ್ದಾರೆ. ಅವರ ಬಗ್ಗೆಯೂ ವರ್ಷಕ್ಕೊಮ್ಮೆ ಯಾರೋ ಏನನ್ನೋ ಬರೆಯುತ್ತಾರೆ. ಬರೆಯದಿದ್ದಲ್ಲಿ ಸಭೆಯಲ್ಲಿ ಆಡುತ್ತಾರೆ. ಆ ಮಾತು ಅವರ ಕಿವಿಗೆ ಬಿದ್ದಿದೆಯೇ, ಅದಕ್ಕೆ ಅವರ ಉತ್ತರವನ್ನು ಯಾರಾದರೂ ಕೇಳಿದ್ದಾರೆಯೇ ಎಂಬುದನ್ನು ಮುಂದಿನ ಸಭೆಯಲ್ಲಿ ಮೊದಲ ವಿಷಯವಾಗಿ ಎತ್ತಿಕೊಳ್ಳಬಹುದು. ಬೇಳೆಯ ಚೀಲದಿಂದ ಒಂದು ಹಿಡಿ ಕಡಿಮೆ ತೂಗಿದರೆ ನಷ್ಟವಾಗುವುದು ಒಂದು ಹೊತ್ತಿನ ಊಟ. ಮನುಷ್ಯನ ಒಂದು ವರ್ಷದ ದುಡಿಮೆಯನ್ನು ಕಡಿಮೆ ತೂಗಿದರೆ ಆ ವರ್ಷವನ್ನು ಹಿಂದಿರುಗಿಸುವ ಶಕ್ತಿ ಯಾವ ಸಂಸ್ಥೆಗೂ ಇಲ್ಲ.